ಹೂವಿನ ಮನೆಯ ಬೆಳಕು

ಹೊಸೂರಿನಿಂದ ಬಾಗಲೂರು ದಾಟಿ ಬೇರಿಕೆಯ ಕಡೆಗೆ ಹೊರಟರೆ, ರಾಗಿ ಹೊಲಗಳ, ಟೊಮೇಟೊ ಕೋಸಿನ ತೋಟಗಳ ನಡುನಡುವೆ ಹಾಲುಬಣ್ಣದ ಹಾಳೆ ಹೊದ್ದ ಉದ್ದನೆಯ ಪಾಲಿಹೌಸುಗಳು ಕಾಣತೊಡಗುತ್ತವೆ. ಒಳಗೆ ಗುಲಾಬಿ. ಫೆಬ್ರವರಿ ಹತ್ತಿರವಾದಂತೆ ಇಲ್ಲಿನ ಮೊಗ್ಗುಗಳಿಗೆ ದೂರದೂರದ ಊರುಗಳಲ್ಲಿ ಬೆಲೆ ಏರುತ್ತದೆ. ಅಂಥದೊಂದು ಅರ್ಧ ಎಕರೆಯ ಹೂವಿನ ಮನೆಯ ಯಜಮಾನರು ನನ್ನ ಹಳೆಯ ಸ್ನೇಹಿತರು. ಅವರ ಮಗ ಹೊಸೂರಿನ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ದುಡಿಯುತ್ತಾನೆ. ಎರಡು ವರ್ಷದ ಹಿಂದೆ ಕ್ಯಾಮೆರಾ ಕೊಂಡ. ಮೊನ್ನೆ ಹೋದಾಗ ಮೊಬೈಲಿನಲ್ಲಿ ಒಂದು ಸಾಫ್ಟ್‌ಬಾಕ್ಸಿನ ಚಿತ್ರ ತೋರಿಸಿ, "ಮಾವ, ಇದೊಂದು ಬಂದರೆ ನನ್ನ ಫೋಟೊಗಳೇ ಬೇರೆಯಾಗಿಬಿಡುತ್ತವೆ" ಅಂದ. ಅವನ ಕಣ್ಣಿನಲ್ಲಿದ್ದ ಆಸೆ ಶುದ್ಧವಾಗಿತ್ತು. ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ.

ಸಲಕರಣೆಯ ಮೋಹವನ್ನು ಹಗುರವಾಗಿ ಕಾಣುವುದು ಸುಲಭ. ಚಿತ್ರ ತೆಗೆಯುವುದು ಕಣ್ಣು, ಕ್ಯಾಮೆರಾ ಅಲ್ಲ ಎಂದುಬಿಟ್ಟರೆ ಹೇಳಿದವರಿಗೆ ಒಂದು ಗಾಂಭೀರ್ಯ ಬರುತ್ತದೆ, ಕೇಳಿದವನಿಗೆ ಏನೂ ದಕ್ಕುವುದಿಲ್ಲ. ಬಡಗಿ ತನ್ನ ಉಳಿಯನ್ನು ಬೆರಳಿನಿಂದ ಸವರಿ ನೋಡುವಾಗ, ದರ್ಜಿ ತನ್ನ ಕತ್ತರಿಯನ್ನು ಬೇರೆಯವರು ಮುಟ್ಟಗೊಡದಿರುವಾಗ ಅದನ್ನು ನಾವು ಮೋಹ ಎನ್ನುತ್ತೇವೆಯೆ? ಕ್ಯಾಮೆರಾದೊಂದಿಗೆ ಬರುವ ಸಾಧಾರಣ ಲೆನ್ಸು 5.6ರ ಕಿಂಡಿಯಲ್ಲಿ ಒಳಬಿಡುವ ಬೆಳಕಿಗಿಂತ, 1.8ರ ಹೆಚ್ಚು ಅಗಲದ ಕಿಂಡಿಯ ಲೆನ್ಸು ಹೆಚ್ಚುಕಡಿಮೆ ಹತ್ತುಪಟ್ಟು ಬೆಳಕು ಬಿಡುತ್ತದೆ. ಮದುವೆಮನೆಯ ಮಂದಬೆಳಕಿನಲ್ಲಿ ಅಜ್ಜಿಯೊಬ್ಬಳು ಮೊಮ್ಮಗಳ ಜಡೆ ಸರಿಮಾಡುವ ಕ್ಷಣ ಮಸುಕಾಗುವುದೋ ಉಳಿಯುವುದೋ ಎಂಬುದು ಈ ಹತ್ತುಪಟ್ಟಿನ ಮೇಲೆ ನಿಂತಿರಬಹುದು. ಹುಡುಗನ ಆಸೆಯಲ್ಲಿ ಸುಳ್ಳಿಲ್ಲ.

ಆದರೂ ಆ ಆಸೆಯ ಒಳಗೆ ಇನ್ನೊಂದು ಅಡಗಿ ಕುಳಿತಿರುತ್ತದೆ. ಕ್ಯಾಮೆರಾ ಕೈಗೆ ಬಂದ ಮೊದಲ ದಿನಗಳಲ್ಲಿ ಎಲ್ಲವೂ ಚಿತ್ರವಾಗಿ ಕಾಣುತ್ತದೆ. ಆಮೇಲೆ ಒಂದು ದಿನ, ಮನಸ್ಸಿನಲ್ಲಿ ಕಂಡದ್ದು ಪರದೆಯ ಮೇಲೆ ಬಂದಿಲ್ಲವೆಂಬುದು ತಿಳಿಯುತ್ತದೆ. ಆ ಅಂತರದ ಮುಂದೆ ನಿಲ್ಲುವುದು ಕಷ್ಟ. ಅಲ್ಲಿಗೆ ಯಾವುದಾದರೂ ವಸ್ತುವಿನ ಹೆಸರು ಇಟ್ಟುಬಿಟ್ಟರೆ, ಇದು ಲೆನ್ಸಿನ ಕೊರತೆ, ಇದು ದೀಪದ ಕೊರತೆ ಎಂದುಕೊಂಡರೆ, ಕಷ್ಟಕ್ಕೆ ಒಂದು ಬೆಲೆ ಸಿಗುತ್ತದೆ. ಬೆಲೆ ಇರುವುದನ್ನು ಕಂತಿನಲ್ಲಾದರೂ ಕೊಳ್ಳಬಹುದು. ನೋಡುವ ಕೆಲಸ ಮಾತ್ರ ಅಷ್ಟು ದಿನ ಮುಂದಕ್ಕೆ ಹೋಗುತ್ತದೆ. ಕೃತಿಯನ್ನು ಹೀಗೆ ನಾಳೆಗೆ ತಳ್ಳಿ ಬದುಕಿದ ದಿನಗಳು ನನ್ನವೂ ಇವೆ, ಬರೆಯುವ ಮೇಜು ಸರಿಯಿಲ್ಲವೆಂದು, ಮನೆ ನಿಶ್ಶಬ್ದವಾಗಿಲ್ಲವೆಂದು. ಆಯುಧಪೂಜೆಯ ದಿನ ಈ ಸ್ನೇಹಿತರ ಮನೆಯಲ್ಲಿ ಹೂ ಕೊಯ್ಯುವ ಕತ್ತರಿಗೂ ಔಷಧಿ ಹೊಡೆಯುವ ಪಂಪಿಗೂ ಪಕ್ಕದಲ್ಲಿಟ್ಟ ಕ್ಯಾಮೆರಾಕ್ಕೂ ಒಂದೇ ತಟ್ಟೆಯ ಕುಂಕುಮ ಇಟ್ಟದ್ದನ್ನು ನಾನು ನೋಡಿದ್ದೇನೆ. ನಮ್ಮ ಹಿರಿಯರು ಪೂಜಿಸಿದ್ದು ವರ್ಷವಿಡೀ ದುಡಿದ ಹತಾರವನ್ನು. ಇನ್ನೂ ಅಂಗಡಿಯಲ್ಲಿರುವುದನ್ನು ಯಾರೂ ಪೂಜೆಗೆ ಇಟ್ಟಿರಲಿಲ್ಲ.

ಸಾಫ್ಟ್‌ಬಾಕ್ಸ್ ಎಂಬುದಾದರೂ ಏನು? ದೀಪದ ಮುಂದೆ ಬಿಗಿದ ಬಿಳಿ ಬಟ್ಟೆ. ಸಣ್ಣ ದೀಪದಿಂದ ಬಂದ ಬೆಳಕು ಮೂಗಿನ ಪಕ್ಕ, ಕಣ್ಣಿನ ಕೆಳಗೆ ಕತ್ತಿಯಂಥ ನೆರಳು ಕೊರೆಯುತ್ತದೆ. ಅದೇ ಬೆಳಕು ದೊಡ್ಡ ಬಿಳಿಯ ಹರಹಿನ ಮೂಲಕ ಹಾದು ಬಂದರೆ ಹಲವು ದಿಕ್ಕಿನಿಂದ ಮುಖವನ್ನು ತಾಗಿ, ನೆರಳಿನ ಅಂಚು ಕರಗುತ್ತದೆ. ಹರಹು ದೊಡ್ಡದಾದಷ್ಟೂ, ಹತ್ತಿರವಾದಷ್ಟೂ ಬೆಳಕು ಮೃದು. ಇದನ್ನೆಲ್ಲ ಹುಡುಗನೇ ನನಗೆ ವಿವರಿಸಿದ, ಬಹಳ ಚೆನ್ನಾಗಿ, ಅವರಪ್ಪನ ಪಾಲಿಹೌಸಿನೊಳಗೆ ನಿಂತುಕೊಂಡು. ಮೇಲೆ ಅರ್ಧ ಎಕರೆಯಷ್ಟು ಬಿಳಿಯ ಹಾಳೆ. ಅದರ ಹಿಂದೆ ಸೂರ್ಯ. ಸಾಲುಗಳ ನಡುವೆ ಬಾಗಿ ನಿಂತ ಅಪ್ಪನ ಮುಖದ ಮೇಲೆ, ಮುಳ್ಳು ಗೀರಿದ ಮುಂಗೈಗಳ ಮೇಲೆ, ಒಂದೂ ಒರಟು ನೆರಳಿರಲಿಲ್ಲ. ಅಲ್ಲೇ ಬೆಳೆದ ಹುಡುಗ. ಚಿತ್ರ ತೆಗೆಯಬೇಕೆಂದಾಗ ಅವನು ಹೋಗುವುದು ಕೆಲವರಪಳ್ಳಿ ಅಣೆಕಟ್ಟಿಗೆ, ಹೊಸೂರಿನ ಚಂದ್ರಚೂಡೇಶ್ವರ ಬೆಟ್ಟಕ್ಕೆ, ರಜೆ ಸಿಕ್ಕರೆ ಇನ್ನೂ ದೂರಕ್ಕೆ.

ಅಪ್ಪನಿಗೆ ಈ ಬೆಳಕು ಗೊತ್ತಿಲ್ಲವೆ? ಕೆಂಪು ಗುಲಾಬಿಗೆ ಬಿಸಿಲಿನ ನೇರಳಾತೀತ ಕಿರಣ ಹೆಚ್ಚಾಗಿ ತಾಗಿದರೆ ದಳದ ಅಂಚು ಕಪ್ಪಾಗುತ್ತದೆ. ಕಪ್ಪಾದ ಹೂವಿಗೆ ಗಿರಾಕಿಯಿಲ್ಲ. ಆದ್ದರಿಂದ ಅವರು ಹಾಳೆಯ ಮೇಲೆ ಕೂತ ಧೂಳನ್ನು ನೋಡುತ್ತಾರೆ, ಮೋಡದ ದಪ್ಪವನ್ನು ನೋಡುತ್ತಾರೆ, ಬಿಸಿಲು ಬಲಿಯುವ ಹೊತ್ತಿಗೆ ನೆರಳುಬಲೆ ಎಳೆಯುತ್ತಾರೆ, ಇಳಿಯುವ ಹೊತ್ತಿಗೆ ಸರಿಸುತ್ತಾರೆ. ಮಗ ಲೈಟಿಂಗ್ ಎಂದು ಕಲಿಯುತ್ತಿರುವುದನ್ನು ಅಪ್ಪ ಹೆಸರಿಲ್ಲದೆ ದಿನವೂ ಮಾಡುತ್ತಾರೆ. ಈ ಗಡಿಸೀಮೆಯಲ್ಲಿ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು ಆಡಿ ಬೆಳೆದವರು ಬಹಳ. ಬೆಳಕು, ವೆಳಿಚ್ಚಂ, ವೆಲುಗು ಎಂಬ ಮೂರೂ ಮಾತು ಒಂದೇ ಬೇರಿನಿಂದ ಒಡೆದವು. ಬಾಯಿ ಮೂರು ಭಾಷೆಯ ನಡುವೆ ಅಷ್ಟು ಸಲೀಸಾಗಿ ಓಡಾಡುವಾಗ, ಒಂದೇ ಮನೆಯ ಇಬ್ಬರು ಒಂದೇ ಬೆಳಕಿನ ಬಗ್ಗೆ ಒಂದು ಸಲವೂ ಮಾತಾಡದೆ ಇದ್ದದ್ದು ಹೇಗೆ?

ಬೆಳಕಿನ ಮಾತು ಬಂದಾಗ ನನಗೆ ಇಬ್ಬರು ನೆನಪಾಗುತ್ತಾರೆ, ಇಬ್ಬರೂ 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಒಬ್ಬರು ವಿ. ಕೆ. ಮೂರ್ತಿ. ಗುರುದತ್ತರ 1959ರ 'ಕಾಗಜ್ ಕೆ ಫೂಲ್' ಚಿತ್ರಕ್ಕಾಗಿ, ಹೊರಗಿನ ಬಿಸಿಲನ್ನೇ ದೊಡ್ಡ ಕನ್ನಡಿಗಳಿಂದ ಸ್ಟುಡಿಯೊದ ಕತ್ತಲೊಳಗೆ ತಿರುಗಿಸಿ, ಮೇಲಿನಿಂದ ಕೋಲಿನಂತೆ ಇಳಿಯುವ ಆ ಬೆಳಕನ್ನು ಅವರು ಕಟ್ಟಿದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೂ ಅವರೇ. ಇನ್ನೊಬ್ಬರು ಟಿ. ಎಸ್. ಸತ್ಯನ್. ಸಾಮಾನ್ಯ ಜನರ ಸಾಮಾನ್ಯ ದಿನಗಳ ಮುಂದೆ ಕ್ಯಾಮೆರಾ ಹಿಡಿದು ಒಂದು ಆಯುಷ್ಯವಿಡೀ ನಿಂತವರು. ತಮ್ಮ ನೆನಪುಗಳ ಪುಸ್ತಕಕ್ಕೆ 'ಕಾಲಕ್ಕೆ ಕನ್ನಡಿ' ಎಂದೇ ಹೆಸರಿಟ್ಟವರು. ಒಬ್ಬರ ಕೈಯಲ್ಲಿ ನಿಜವಾದ ಕನ್ನಡಿ, ಇನ್ನೊಬ್ಬರ ಮಾತಿನಲ್ಲಿ ಕನ್ನಡಿ. ದೊಡ್ಡ ಸ್ಟುಡಿಯೊದ ದೀಪಗಳೆಲ್ಲ ಇದ್ದೂ ಮೂರ್ತಿಯವರು ಬಾಗಿಲಾಚೆಯ ಸೂರ್ಯನ ಕಡೆಗೆ ಹೋದದ್ದು ನನ್ನನ್ನು ಮತ್ತೆ ಮತ್ತೆ ಯೋಚನೆಗೆ ಹಚ್ಚುತ್ತದೆ. ಅಲ್ಲಿ ಸಲಕರಣೆ ಬೇಡವೆಂಬ ವ್ರತವಿರಲಿಲ್ಲ. ಎಂಥ ಬೆಳಕು ಬೇಕು ಎಂಬುದು ಮೊದಲು ಸ್ಪಷ್ಟವಾಗಿತ್ತು, ಹತಾರ ಆಮೇಲೆ ಹುಡುಕಿಕೊಂಡು ಬಂತು.

ಸೃಜನಶೀಲತೆ ಎಂದರೆ ಯಾರೂ ಕಾಣದ್ದನ್ನು ಕಾಣುವುದೆಂದು ನಾವು ತಿಳಿದಿರುತ್ತೇವೆ, ಅದಕ್ಕಾಗಿ ದೂರ ಹೋಗುತ್ತೇವೆ. ನನಗಂತೂ ದಿನವೂ ಕಾಣುವುದನ್ನು ಕಾಣುವುದು ಹೆಚ್ಚು ಕಷ್ಟವೆನಿಸಿದೆ. ಅಣೆಕಟ್ಟಿನ ಸಂಜೆ ನಮ್ಮಿಂದ ಏನನ್ನೂ ಕೇಳುವುದಿಲ್ಲ. ಅಪರಿಚಿತನ ಸುಕ್ಕುಗಟ್ಟಿದ ಮುಖವೂ, ಕ್ಯಾಮೆರಾ ಸತ್ಯನ್ನರಂಥವರ ಕೈಯಲ್ಲಿಲ್ಲದಾಗ, ಅಷ್ಟಾಗಿ ಕೇಳುವುದಿಲ್ಲ, ತೆಗೆದುಕೊಂಡು ಬಂದುಬಿಡಬಹುದು. ಆದರೆ ಹೆತ್ತ ಅಪ್ಪನ ಮುಖದ ಮುಂದೆ ಕ್ಯಾಮೆರಾ ಎತ್ತಿದರೆ ಅಲ್ಲಿ ಸಾಲವಿದೆ, ಆಡದೆ ಉಳಿದ ಮಾತಿದೆ, ಮಗ ಬೇರೆ ಕೆಲಸ ಹಿಡಿದದ್ದರ ಸಣ್ಣ ನೋವೂ ಇದ್ದೀತು. ಅದನ್ನು ನೋಡಬೇಕಾದೀತೆಂಬ ಅಳುಕೇ ನಮ್ಮನ್ನು ಬೆಟ್ಟದ ಮೇಲಕ್ಕೆ ಕಳಿಸುತ್ತದೆಯೇನೊ.

ಇದನ್ನೆಲ್ಲ ನಾನು ಹುಡುಗನಿಗೆ ಹೇಳಲಿಲ್ಲ. ಮರುದಿನ ಬೆಳಗಿನ ಜಾವ ಹೂ ಕೊಯ್ಯುವಾಗ ಮೂವರೂ ಒಳಗಿದ್ದೆವು. ಹಾಳೆಯ ಮೇಲೆ ಮಂಜಿನ ಹನಿ. ಕತ್ತಲು ತಿಳಿಯಾಗಿ ಬೂದುಬಣ್ಣಕ್ಕೆ ಬಂದಿತ್ತು. ಅವನು ಕ್ಯಾಮೆರಾ ತೆಗೆದಾಗ ಅಪ್ಪ ಮುಖ ತಿರುಗಿಸಿ, "ನಂದೇನಪ್ಪ, ಹೂವಿನ್ದು ತೆಗಿ" ಅಂದರು. ಅವನು ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಆಮೇಲೆ ಕ್ಯಾಮೆರಾವನ್ನು ಹೆಗಲಿಗೆ ಹಾಕಿಕೊಂಡು, ನೀರಿನ ಬಕೆಟ್ಟನ್ನು ಎತ್ತಿ ಅವರ ಪಕ್ಕಕ್ಕೆ ತಂದಿಟ್ಟು ಕೇಳಿದ: "ಅಪ್ಪಾ, ನೆಟ್ಟು ಎಳೆಯೋ ಹೊತ್ತಾಯ್ತು ಅಂತ ನಿಂಗೆ ಹೆಂಗೆ ಗೊತ್ತಾಗ್ತದೆ?"

ಅವರು ಕತ್ತರಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಮಗನನ್ನು ನೋಡಿದರು. ಆಮೇಲೆ ತಲೆಯೆತ್ತಿ, ಬೆಳ್ಳಗಾಗುತ್ತಿದ್ದ ಮೇಲಿನ ಹಾಳೆಯ ಮೂಡಣ ಮೂಲೆಯನ್ನು ಕತ್ತರಿಯಿಂದಲೇ ತೋರಿಸುತ್ತ, ಹೇಳತೊಡಗಿದರು.