ದುರಸ್ತಿಯ ಧರ್ಮ

ಒಂದು ವಸ್ತುವನ್ನು ಕಾಪಾಡುವುದೆಂದರೇನು? ಅದು ನಮ್ಮ ಕೈಗೆ ಬಂದ ಹಾಗೆಯೇ ಉಳಿಯುವಂತೆ ನೋಡಿಕೊಳ್ಳುವುದೆ? ಇಲ್ಲವೆ, ಕೈಲಾದ ಮಟ್ಟಿಗೆ ಅದನ್ನು ಬಂದುದಕ್ಕಿಂತ ಮೇಲಾಗಿ ಮಾಡುವುದೆ? ಮನೆ, ಹೊಲ, ಭಾಷೆ, ಸಂಪ್ರದಾಯ ಎಲ್ಲಕ್ಕೂ ಹೊಂದುವ ಪ್ರಶ್ನೆ ಇದು. ನಮ್ಮಲ್ಲಿ ಇದನ್ನು ಕುರಿತು ಚರ್ಚಿಸುವವರು ದೇವಾಲಯದ ಜೀರ್ಣೋದ್ಧಾರವನ್ನೋ ಹಳಗನ್ನಡ ಕಾವ್ಯದ ಪಾಠಪರಿಷ್ಕರಣವನ್ನೋ ಉದಾಹರಣೆಯಾಗಿ ಎತ್ತಿಕೊಳ್ಳುವುದು ವಾಡಿಕೆ. ಗ್ರಂಥಸಂಪಾದನೆಯ ಪಾಠ ಹೇಳುವ ನನಗೂ ಅದೇ ಸುಲಭದ ದಾರಿ. ಆದರೆ ನಾನಿಲ್ಲಿ ಎತ್ತಿಕೊಳ್ಳುವುದು ಒಂದು ಹಳೆಯ ಮೋಟಾರು ಸೈಕಲ್ಲನ್ನು. ವಾಚಕರು ನಗಬೇಕಾದದ್ದಿಲ್ಲ. ತತ್ತ್ವದ ಪ್ರಶ್ನೆಗಳು ಗ್ರಂಥಭಂಡಾರದಲ್ಲಿ ಹುಟ್ಟುವುದಕ್ಕಿಂತ ಹೆಚ್ಚಾಗಿ ಹಿತ್ತಿಲಲ್ಲಿ ಹುಟ್ಟುತ್ತವೆ.

ಮೋಟಾರು ಸೈಕಲ್ಲಿಗೂ ನಮ್ಮ ಸೀಮೆಗೂ ಹಳೆಯ ನಂಟು. 1960ರ ದಶಕದ ಆರಂಭದಲ್ಲಿ, ಅಂದಿನ ಜೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ನೆರವಿನಿಂದ, ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತಲೆಯೆತ್ತಿತು. 1973ರಿಂದ ಅಲ್ಲಿನ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರಾಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಚಾಮರಾಜನಗರ ಮತ್ತು ಗುಂಡ್ಲುಪೇಟೆಗಳು ಆಗ ಮೈಸೂರು ಜಿಲ್ಲೆಗೇ ಸೇರಿದ್ದವು. ಬೇರೆ ಜಿಲ್ಲೆಯಾದದ್ದು ಮರುವರ್ಷ, 1997ರಲ್ಲಿ. ಹೀಗಾಗಿ ನಮ್ಮ ಕಡೆಯ ಅನೇಕ ಮನೆಗಳಿಗೆ ಆ ಗಾಡಿ ಎಲ್ಲಿಂದಲೋ ಬಂದ ಯಂತ್ರವಲ್ಲ, ತಮ್ಮೂರ ಸರಕು. ಗೇರು ಹಾಕುವ ಕಡ್ಡಿಯನ್ನೇ ತಿರುವಿ ಎತ್ತಿದರೆ ಒದೆದು ಚಾಲೂ ಮಾಡುವ ಕಡ್ಡಿಯೂ ಆಗುವ ಅದರ ಚಮತ್ಕಾರವನ್ನು ಬಲ್ಲವರು ಇಂದಿಗೂ ಸಿಗುತ್ತಾರೆ.

ಅಂಥದೊಂದು ಯೆಜ್ಡಿ, ರೋಡ್‌ಕಿಂಗ್ ಮಾದರಿಯದು, ಚಾಮರಾಜನಗರದ ನಮ್ಮ ಬೀದಿಯಲ್ಲಿ ಎರಡು ಮನೆ ಆಚೆಗೆ ಇದೆ. ಅದನ್ನು ಕೊಂಡವರು ಈಗ ಇಲ್ಲ. ಗಾಡಿ ಮಗನ ಪಾಲಿಗೆ ಬಂದಿದೆ. ಹುಡುಗ ಜಾಣ, ಕೈಯಲ್ಲಿ ಕೆಲಸವಿದೆ. ಭಾನುವಾರ ಬಂದರೆ ಹಿತ್ತಿಲಲ್ಲಿ ಗೋಣಿತಾಟು ಹಾಸಿ, ಪಾನಾಗಳನ್ನು ಅಳತೆಯ ಪ್ರಕಾರ ಸಾಲಾಗಿ ಜೋಡಿಸಿ, ಪ್ಲಗ್ಗು ಬಿಚ್ಚುತ್ತಾನೆ; ಕಾರ್ಬೊರೇಟರನ್ನು ಪೆಟ್ರೋಲಿನಲ್ಲಿ ತೊಳೆಯುತ್ತಾನೆ; ಸೈಲೆನ್ಸರಿನೊಳಗೆ ಕಟ್ಟಿದ ಮಸಿಯನ್ನು ಕೆರೆದು ತೆಗೆಯುತ್ತಾನೆ. ಎರಡು ಹೊಡೆತದ ಎಂಜಿನ್ನಿನಲ್ಲಿ ಪೆಟ್ರೋಲಿನ ಜೊತೆಗೇ ಎಣ್ಣೆಯೂ ಉರಿಯುವುದರಿಂದ ಈ ಮಸಿ ತಪ್ಪಿದ್ದಲ್ಲ. ತೆಗೆಯದೆ ಬಿಟ್ಟರೆ ಗಾಡಿಗೆ ಉಸಿರು ಕಟ್ಟುತ್ತದೆ.

ಇಷ್ಟರವರೆಗೆ ಯಾರ ತಕರಾರೂ ಇಲ್ಲ. ತಕರಾರು ಬಂದದ್ದು ಅವನು ಗಾಡಿಯನ್ನು 'ಮೇಲ್ದರ್ಜೆಗೆ' ಏರಿಸಲು ಹೊರಟಾಗ. ದೂರ ಪ್ರಯಾಣಕ್ಕೆ ಸುಖವಾಗಿಯೂ ಘಾಟಿಯ ತಿರುವಿನಲ್ಲಿ ಚುರುಕಾಗಿಯೂ ಇರುವ ಗಾಡಿಯನ್ನು ಈಗಿನವರು 'ಸ್ಪೋರ್ಟ್ ಟೂರಿಂಗ್' ಎನ್ನುತ್ತಾರಂತೆ. ತನ್ನ ಯೆಜ್ಡಿಯನ್ನು ಹಾಗೆ ಮಾಡಬೇಕೆಂದು ಅವನ ಆಸೆ. ಒಳ್ಳೆಯ ಬ್ರೇಕು, ಪ್ರಖರವಾದ ದೀಪ, ಬೆನ್ನು ನೋಯದ ಸೀಟು, ಮತ್ತು ದೂರಕ್ಕೆ ಕೇಳುವಂಥ ಸೈಲೆನ್ಸರು. ಇದು ಅವನ ಪಟ್ಟಿ. ತಾಯಿ ಹಿತ್ತಿಲ ಬಾಗಿಲಲ್ಲಿ ನಿಂತು ಕೇಳಿದರು: "ಸದ್ದೇ ಬದಲಾಗ್ಬುಟ್ರೆ ಅದು ನಿಮ್ಮಪ್ಪನ ಗಾಡಿ ಹೆಂಗಾಯ್ತದೆ ಕೂಸು?" ಮಗ ನನ್ನ ಕಡೆ ತಿರುಗಿ, "ನೀವೇ ಹೇಳಿ ಸಾರ್" ಎಂದ.

ಆ ತಾಯಿ ಕೇಳಿದ್ದು ಎರಡು ಸಾವಿರ ವರ್ಷದ ಪ್ರಶ್ನೆ. 'ಮಿಲಿಂದಪ್ರಶ್ನ'ದಲ್ಲಿ ಭಿಕ್ಷು ನಾಗಸೇನ ಯವನ ರಾಜ ಮಿಲಿಂದನನ್ನು ಕೇಳುವುದೂ ಇದನ್ನೇ. ನೀನು ಬಂದ ರಥ ಯಾವುದು? ಅಚ್ಚು ರಥವೆ, ಗಾಲಿ ರಥವೆ, ನೊಗ ರಥವೆ? ಯಾವ ಒಂದು ಭಾಗವೂ ರಥವಲ್ಲ. ಭಾಗಗಳು ಕೂಡಿದಾಗ ವ್ಯವಹಾರಕ್ಕೆ 'ರಥ' ಎಂಬ ಹೆಸರು, ಅಷ್ಟೆ ಎಂಬುದು ಅಲ್ಲಿನ ತೀರ್ಮಾನ. ಈ ಮಾತನ್ನು ಒಪ್ಪಿದರೆ ಮಗನ ಕೆಲಸ ಹಗುರವಾಗುತ್ತದೆ. ಗಾಡಿಗೆ ಆತ್ಮವೆಂಬುದಿಲ್ಲ, ಸೈಲೆನ್ಸರು ಬದಲಾದರೇನು, ಸೀಟು ಬದಲಾದರೇನು?

ಆದರೆ ಹೆಸರೆಂಬುದು ಅಷ್ಟು ಹಗುರವಾದದ್ದೆ? ನಮ್ಮೂರನ್ನೇ ನೋಡಿ. ಇದರ ಹಳೆಯ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂದು 1818ರಲ್ಲಿ ಇದಕ್ಕೆ ಚಾಮರಾಜನಗರವೆಂದು ಹೆಸರಿಟ್ಟರು. ಊರು ಅದೇ, ಹೆಸರು ಬೇರೆ. ಯೆಜ್ಡಿಯ ಕಥೆ ಇದಕ್ಕೆ ತಿರುವುಮುರುವು. ಅದೇ ಹೆಸರು 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂತು. ಆದರೆ ಗಾಡಿ ಬೇರೆ, ಎಂಜಿನ್ನು ಬೇರೆ, ತಯಾರಿಸುವವರು ಬೇರೆ. ಹೆಸರು ಉಳಿದು ವಸ್ತು ಹೋಗಬಹುದು, ವಸ್ತು ಉಳಿದು ಹೆಸರು ಹೋಗಬಹುದು. ಹಾಗಾದರೆ ನಾವು ಕಾಪಾಡಬೇಕಾದದ್ದು ಎರಡರಲ್ಲಿ ಯಾವುದನ್ನೂ ಅಲ್ಲದೆ ಇರಬಹುದೆ?

ನನಗೆ ತೋರುವ ಮಟ್ಟಿಗೆ, ಒಂದು ವಸ್ತುವಿನಲ್ಲಿ ಕಾಪಾಡಬೇಕಾದದ್ದು ಅದು ಮಾಡಿಕೊಂಡು ಬಂದ ಸಂಬಂಧವನ್ನು. ಆ ಗಾಡಿ ಏನು ಮಾಡುತ್ತಿತ್ತು? ಒಂದು ಸಂಸಾರವನ್ನು ತೆರಕಣಾಂಬಿಯ ಮೇಲೆ ಹಾದು ಗುಂಡ್ಲುಪೇಟೆಗೆ, ತಾಯಿಯ ತೌರಿಗೆ, ಕರೆದುಕೊಂಡು ಹೋಗಿ ಕತ್ತಲಾಗುವುದರೊಳಗೆ ಸುರಕ್ಷಿತವಾಗಿ ಮನೆಗೆ ಮುಟ್ಟಿಸುತ್ತಿತ್ತು. ಈ ಕೆಲಸವೇ ಅದರ ಧರ್ಮ. ಬೆಂಕಿಗೆ ಸುಡುವುದು ಧರ್ಮ, ನೀರಿಗೆ ಹರಿಯುವುದು ಧರ್ಮ ಎನ್ನುತ್ತೇವಲ್ಲ, ಆ ಅರ್ಥದಲ್ಲಿ. ಹೀಗೆ ನೋಡಿದರೆ ಬದಲಾವಣೆ ತಪ್ಪೋ ಒಪ್ಪೋ ಎಂಬುದನ್ನು ನಿರ್ಣಯಿಸಲು ಒಂದು ಅಳತೆಗೋಲು ಸಿಗುತ್ತದೆ: ಈ ಬದಲಾವಣೆ ವಸ್ತುವಿನ ಧರ್ಮವನ್ನು ಬಲಪಡಿಸುತ್ತದೆಯೆ? ಅದರ ಫಲವನ್ನು ಉಣ್ಣುವವರು ಯಾರು, ಕಷ್ಟವನ್ನು ಉಣ್ಣುವವರು ಯಾರು?

ಹುಡುಗನ ಪಟ್ಟಿಯನ್ನು ಈ ಕೋಲಿನಿಂದ ಅಳೆಯೋಣ. ಬ್ರೇಕು ಮೊದಲನೆಯದು. ಹಳೆಯ ಗಾಡಿಯ ಡ್ರಮ್ಮು ಬ್ರೇಕಿನಲ್ಲಿ ಶೂ ಸವೆದು, ಕೇಬಲ್ಲು ಎಳೆದು ಸಡಿಲವಾಗಿದ್ದರೆ, ಅಡ್ಡ ಬಂದ ಮಗು ಬದುಕುವುದೂ ಬದುಕದಿರುವುದೂ ಎರಡು ಗಜದ ಅಂತರದಲ್ಲಿ ನಿರ್ಧಾರವಾಗುತ್ತದೆ. ಬ್ರೇಕು ಸವಾರನಿಗಿಂತ ಹೆಚ್ಚಾಗಿ ಎದುರಿಗೆ ಬರುವವನ ಆಸ್ತಿ. ಅದನ್ನು ಸರಿಪಡಿಸಲು "ಅಪ್ಪನ ಕಾಲದಲ್ಲಿ ಹೀಗೇ ಇತ್ತು" ಎಂಬ ಭಕ್ತಿ ಅಡ್ಡ ಬರಕೂಡದು. ದೀಪವೂ ಹಾಗೆಯೇ; ಆದರೆ ಎದುರಿನವನ ಕಣ್ಣು ಕೋರೈಸುವಷ್ಟು ಪ್ರಖರವಾದರೆ ಅದು ಬೆಳಕು ಹೋಗಿ ಆಕ್ರಮಣವಾಗುತ್ತದೆ. ಸೀಟು ಬದಲಾಯಿಸಿದರೆ ವಯಸ್ಸಾದ ತಾಯಿಯ ಸೊಂಟಕ್ಕೆ ಸುಖ, ಯಾರಿಗೂ ನಷ್ಟವಿಲ್ಲ.

ಉಳಿದದ್ದು ಸೈಲೆನ್ಸರು. ಸದ್ದಿನ ಸುಖ ಒಬ್ಬನಿಗೆ, ಅದರ ಕಷ್ಟ ಬೀದಿಗೆಲ್ಲ. ಗುಂಡ್ಲುಪೇಟೆ ದಾಟಿ ಊಟಿಯ ದಾರಿ ಹಿಡಿದರೆ ಸಿಗುವುದು ಬಂಡೀಪುರದ ಕಾಡು. ಅಲ್ಲಿನ ರಸ್ತೆಗಳಲ್ಲಿ 2009ರಿಂದ ರಾತ್ರಿ 9 ಗಂಟೆಯಿಂದ ಬೆಳಗಿನ 6ರವರೆಗೆ ಸಾಮಾನ್ಯ ವಾಹನಸಂಚಾರವನ್ನು ನಿರ್ಬಂಧಿಸಲಾಗಿದೆ. ಕತ್ತಲೆಯ ಒಂಬತ್ತು ಗಂಟೆ ಕಾಡು ಕಾಡಿನವರದು ಎಂದು ನಾವೇ ಒಪ್ಪಿಕೊಂಡ ಮೇಲೆ, ಹಗಲಿನಲ್ಲಿ ಅದೇ ಕಾಡನ್ನು ಗುಡುಗಿಸಿಕೊಂಡು ಹೋಗುವುದು ಯಾವ ನ್ಯಾಯ? ತಾಯಿಯ ನೆನಪಿಗೂ ಆನೆಯ ಕಿವಿಗೂ ಒಂದೇ ಕಾಲಕ್ಕೆ ನೋವು ಕೊಡುವ ಬದಲಾವಣೆಯನ್ನು ಉನ್ನತಿ ಎನ್ನಲು ನನಗೆ ನಾಲಗೆ ಏಳುವುದಿಲ್ಲ.

ಇಲ್ಲಿ ಕಾನೂನಿನ ಮಾತೂ ಬರುತ್ತದೆ. ತಯಾರಕರು ನಮೂದಿಸಿದ್ದಕ್ಕೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಆದುದರಿಂದ ಬ್ರೇಕಿನ ವಿಚಾರದಲ್ಲೂ ಹುಡುಗ ಹೊಸ ಜಾತಿಯ ಬ್ರೇಕು ತಂದು ಕೂರಿಸುವ ಯೋಚನೆ ಬಿಟ್ಟು, ಇದ್ದುದನ್ನೇ ಹೊಸ ಶೂ, ಹೊಸ ಕೇಬಲ್ಲು ಹಾಕಿ, ಡ್ರಮ್ಮನ್ನು ಲೇತಿನಲ್ಲಿ ಹದಮಾಡಿಸಿ ಮೊದಲಿನ ಬಲಕ್ಕೆ ತಂದ. ಕುತೂಹಲದ ಸಂಗತಿಯೆಂದರೆ, ಅಂಗವೈಕಲ್ಯವುಳ್ಳವರಿಗೆ ಅನುಕೂಲವಾಗುವಂತೆ ಗಾಡಿಯನ್ನು ಮಾರ್ಪಡಿಸಲು ಅದೇ ಕಾಯಿದೆ ಅನುಮತಿಯ ಮೇರೆಗೆ ಎಡೆಗೊಡುತ್ತದೆ. ಅಗತ್ಯಕ್ಕೂ ಷೋಕಿಗೂ ಇರುವ ಅಂತರ ಕಾನೂನಿಗೂ ಗೊತ್ತಿದೆ ಎಂದಾಯಿತು.

ಇದಕ್ಕೆ ಎದುರಾಗಿ ಒಂದು ಬಲವಾದ ಆಕ್ಷೇಪವಿದೆ; ಅದನ್ನು ಮರೆಮಾಚಿ ಮುಂದೆ ಹೋಗುವುದು ಪ್ರಾಮಾಣಿಕತೆಯಲ್ಲ. ಫಲ ಯಾರಿಗೆ, ಕಷ್ಟ ಯಾರಿಗೆ ಎಂಬುದೇ ಅಳತೆಯಾದರೆ, ಆ ಹಳೆಯ ಗಾಡಿಯನ್ನು ಇಟ್ಟುಕೊಳ್ಳುವುದೇ ಸರಿಯೆ? ಎರಡು ಹೊಡೆತದ ಎಂಜಿನ್ನು ಒಳಕ್ಕೆ ಎಳೆದುಕೊಂಡ ಪೆಟ್ರೋಲು ಎಣ್ಣೆಗಳಲ್ಲಿ ಒಂದು ಪಾಲನ್ನು ಉರಿಸದೆಯೇ ಹೊರಕ್ಕೆ ಬಿಡುತ್ತದೆ. ನೀಲಿ ಹೊಗೆಯನ್ನು ಕುಡಿಯುವವರು ಹಿಂದೆ ಬರುವವರು. ಸದ್ದು ಪರರಿಗೆ ನೋವೆಂದು ಬೇಡವೆಂದ ಮೇಷ್ಟರು ಹೊಗೆಯನ್ನು ಹೇಗೆ ಒಪ್ಪುತ್ತಾರೆ?

ಪೂರ್ತಿ ಒಪ್ಪುವುದಿಲ್ಲ. ಹಳೆಯದರ ಮೇಲಿನ ಪ್ರೀತಿಗೂ ಬೆಲೆಯುಂಟು. ಆ ಬೆಲೆಯನ್ನು ಬೇರೆಯವರ ಪುಪ್ಪುಸಗಳಿಂದ ವಸೂಲು ಮಾಡುವ ಹಕ್ಕು ನಮಗಿಲ್ಲ. ಆದುದರಿಂದ ದುರಸ್ತಿ ಇಲ್ಲಿ ಹವ್ಯಾಸವಲ್ಲ, ಋಣ. ಎಣ್ಣೆಯನ್ನು ಕಣ್ಣಳತೆಯಲ್ಲಿ ಸುರಿಯದೆ ಅಳೆದು ಬೆರಸಬೇಕು, ಕಾರ್ಬೊರೇಟರನ್ನು ಹದದಲ್ಲಿಡಬೇಕು, ಗಾಡಿಯನ್ನು ದಿನದ ಓಡಾಟಕ್ಕೆ ಬಳಸದೆ ಅಪರೂಪದ ಪ್ರಯಾಣಕ್ಕೆ ಮೀಸಲಿಡಬೇಕು. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿದು, ಆಮೇಲೆ ಪ್ರತಿ 5 ವರ್ಷಕ್ಕೆ ಪರೀಕ್ಷೆಗೆ ನಿಲ್ಲಿಸಿ ನವೀಕರಿಸಿಕೊಳ್ಳಬೇಕಾಗಿರುವುದರ ಅರ್ಥವೂ ಇದೇ: ಹಳೆಯದು ಬಾಳಬಹುದು, ಆದರೆ ತನ್ನ ಬಾಳಿಗೆ ಆಗಾಗ ಸಮಾಧಾನ ಹೇಳಬೇಕು. ಹೇಳಲಾರದ ದಿನ ಬಂದಾಗ ಅದನ್ನು ತೊಳೆದು ಒರಸಿ ನಿಲ್ಲಿಸಿಬಿಡುವುದೂ ಕಾಪಾಡುವ ಒಂದು ಬಗೆ.

ಇನ್ನೊಂದು ಪ್ರಶ್ನೆ: ಇದನ್ನೆಲ್ಲ ಮನೆಯಲ್ಲೇ ಏಕೆ ಮಾಡಬೇಕು? ಗುಂಡ್ಲುಪೇಟೆಯಲ್ಲಿ ಒಬ್ಬ ಮುದುಕ ಮೆಕ್ಯಾನಿಕ್ ಇದ್ದಾರೆ. ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಪಾನಾ ಮುಟ್ಟುವ ಮೊದಲೇ ರೋಗ ಹೇಳಬಲ್ಲವರು. ಅಂಥವರ ಅನ್ನಕ್ಕೆ ಕೈ ಹಾಕುವುದು ಸ್ವಾವಲಂಬನೆಯಲ್ಲ. ಹುಡುಗ ಮಾಡಿದ್ದು ಹಾಗಲ್ಲ. ಚೈನು ಬಿಗಿ ಮಾಡುವುದು, ಪ್ಲಗ್ಗು ಒರಸುವುದು, ಗ್ರೀಸು ಹಾಕುವುದು ತನ್ನದೆಂದಿಟ್ಟುಕೊಂಡು, ಡ್ರಮ್ಮಿನ ಕೆಲಸಕ್ಕೆ ಅವರಲ್ಲಿಗೇ ಹೋದ. ಹೋದವನು ಬೆಂಚಿನ ಮೇಲೆ ಕುಳಿತು ಮೊಬೈಲು ನೋಡದೆ, ಪಕ್ಕದಲ್ಲಿ ನಿಂತು ನೋಡಿದ. ತಾನು ಬಿಗಿಮಾಡಿದ ನಟ್ಟು ಸಡಿಲವಾದರೆ ಬೈಯಲು ಬೇರೆ ಯಾರೂ ಇರುವುದಿಲ್ಲ. ಮನೆಯಲ್ಲಿ ಮಾಡುವ ದುರಸ್ತಿಯ ದೊಡ್ಡ ಲಾಭ ದುಡ್ಡಿನ ಉಳಿತಾಯವಲ್ಲ. ಹೊಣೆಯನ್ನು ಇನ್ನೊಬ್ಬರ ತಲೆಗೆ ಕಟ್ಟಲಾಗದ ಸ್ಥಿತಿ.

ನನ್ನ ಶಾಸ್ತ್ರದಿಂದಲೂ ಒಂದು ಮಾತನ್ನು ಇಲ್ಲಿ ಸೇರಿಸಬಹುದು. ಓಲೆಗರಿಯ ಪ್ರತಿ ಮಾಡುವಾಗ ಕೆಲವು ಲಿಪಿಕಾರರು ತಮಗೆ ಅರ್ಥವಾಗದ ಪದವನ್ನು ಕಂಡು, ತಪ್ಪೆಂದು ಬಗೆದು, ಪರಿಚಿತವಾದ ಪದವನ್ನು ಬರೆದುಬಿಡುತ್ತಿದ್ದರು. ಅವರಲ್ಲಿ ದ್ವೇಷವಿರಲಿಲ್ಲ, ಸುಧಾರಿಸುವ ಸದುದ್ದೇಶವೇ ಇತ್ತು. ಆದರೂ ಕವಿಯ ಮಾತು ಹಾಳಾಯಿತು. ಅದಕ್ಕೇ ಸಂಪಾದಕನಿಗೆ ಹೇಳುವ ಮೊದಲ ಪಾಠ: ಹೀಗೇಕೆ ಇದೆಯೆಂದು ತಿಳಿಯುವ ತನಕ ತಿದ್ದಬೇಡ. ಸೈಲೆನ್ಸರಿನೊಳಗಿನ ತಡೆಗಳನ್ನು ಕಿತ್ತೆಸೆಯುವ ಹುಡುಗರು ಅವು ಅಲ್ಲಿ ಸುಮ್ಮನೆ ಇವೆ ಎಂದುಕೊಂಡಿರುತ್ತಾರೆ. ಎರಡು ಹೊಡೆತದ ಎಂಜಿನ್ನಿನ ಸತ್ತ್ವ ಹೊರಹೋಗುವ ಗಾಳಿಯ ಒತ್ತಡವನ್ನೂ ಅವಲಂಬಿಸಿದೆ. ಕಿತ್ತರೆ ಸದ್ದು ಹೆಚ್ಚಿ ಬಲ ಕುಗ್ಗುವುದೂ ಉಂಟು. ಇದನ್ನು ಆ ಮುದುಕ ಮೆಕ್ಯಾನಿಕ್ ನನಗಿಂತ ಚೆನ್ನಾಗಿ ಹುಡುಗನಿಗೆ ಹೇಳಿದರು. ಅವನು ಒಪ್ಪಿದ್ದು ನನ್ನ ತತ್ತ್ವವನ್ನಲ್ಲ, ಅವರ ಅನುಭವವನ್ನು. ಇರಲಿ, ದಾರಿ ಯಾವುದಾದರೇನು?

ಆಯುಧಪೂಜೆಯ ದಿನ ನಾವು ಗಾಡಿಗೆ ಕುಂಕುಮವಿಟ್ಟು, ಬಾಳೆಕಂದು ಕಟ್ಟಿ, ಗಾಲಿಯ ಕೆಳಗೆ ನಿಂಬೆಹಣ್ಣಿಡುತ್ತೇವೆ. ವರ್ಷಕ್ಕೊಮ್ಮೆ ಕೈಮುಗಿಯುವುದು ಕಷ್ಟವಲ್ಲ. ಉಳಿದ ದಿನಗಳಲ್ಲಿ ಬ್ರೇಕಿನ ಕೇಬಲ್ಲು ನೋಡುವುದು ಬೇಸರದ ಕೆಲಸ. ಅದಕ್ಕೆ ಪ್ರಸಾದವಿಲ್ಲ, ನೋಡುವವರೂ ಇಲ್ಲ. ಆದರೆ ನಮಗೆ ಬಂದ ವಸ್ತುವಿಗೂ ಅದನ್ನು ಬಿಟ್ಟುಹೋದವರಿಗೂ ರಸ್ತೆಯಲ್ಲಿ ನಮ್ಮೆದುರು ಬರುವ ಅಪರಿಚಿತರಿಗೂ ಒಟ್ಟಿಗೆ ಸಲ್ಲುವ ಗೌರವವೊಂದಿದ್ದರೆ, ಅದು ಈ ಬೇಸರದ ಕೆಲಸವೇ ಎಂದು ನನ್ನ ನಂಬಿಕೆ.