ಸೇವೆಗೆ ವಾರವುಂಟೆ?

ರಾಯಚೂರು ಸೀಮೆಯಲ್ಲಿ ಹಿಂದಿನ ಕಟ್ಟನ್ನು ಉಳಿಸಿಕೊಂಡಿರುವ ರೈತನು ಸೋಮವಾರದ ದಿವಸ ಎತ್ತಿನ ಹೆಗಲ ಮೇಲೆ ನೊಗವನ್ನಿಡುವುದಿಲ್ಲ. ಹದವಾದ ಮಳೆಬಿದ್ದು ಬಿತ್ತಿಗೆಯ ಹೊತ್ತು ಮೀರುತ್ತಿದ್ದರೂ ಆ ದಿನ ಬಸವಣ್ಣನಿಗೆ ಬಿಡುವು. ಎತ್ತಿಗೆ ದಣಿವು ಸೋಮವಾರವೇ ಆಗುವುದೋ, ಶುಕ್ರವಾರ ಆಗಬಾರದೋ ಎಂದು ಯಾರಾದರೂ ತರ್ಕಮಾಡಿದರೆ ಮನೆಯ ಹಿರಿಯನು ನಕ್ಕು ಸುಮ್ಮನಾಗುತ್ತಾನೆ. ಆತನಿಗೆ ತರ್ಕ ತಿಳಿಯದೆಂದಲ್ಲ. ದಣಿದಾಗ ಬಿಡುವುಕೊಡೋಣವೆಂದು ಹೊರಟವನು, ಎತ್ತು ಇನ್ನೂ ದಣಿದಿಲ್ಲವೆಂಬ ನೆವವನ್ನು ದಿನದಿನವೂ ಕಂಡುಕೊಳ್ಳುವನೆಂಬುದು ಆತನಿಗೆ ಗೊತ್ತು. ಬಾಯಿಲ್ಲದ ಪ್ರಾಣಿಯ ಪರವಾಗಿ ವಾರವೇ ಬಾಯಾಗಿ ನಿಂತಿದೆ.

ಸಿಂಧನೂರು ಲಿಂಗಸುಗೂರುಗಳ ನಡುವಣ ನಾಡಿನಲ್ಲಿ, ಈಗ ಮಸ್ಕಿ ತಾಲ್ಲೂಕಿಗೆ ಸೇರಿರುವ ಪಾಮನಕಲ್ಲೂರಿನಂತಹ ಊರುಗಳಿಗೆ, ಹೀಗೆ ವಾರವನ್ನು ಹಿಡಿದು ಬದುಕುವುದು ಹೊಸದಲ್ಲ. ಸಂತೆಗೊಂದು ದಿನ, ಭಜನೆಗೊಂದು ದಿನ, ದೇವರಿಗೊಂದು ದಿನ. ಆದರೆ ಪಟ್ಟಣಗಳಲ್ಲಿ ಹುಟ್ಟಿ ಹೋಬಳಿಗಳ ಕಡೆಗೂ ಹಬ್ಬಿದ ಸೇವಾಸಂಘಗಳು ಪರೋಪಕಾರಕ್ಕೂ ಒಂದು ವಾರವನ್ನು ಗೊತ್ತುಮಾಡಿದಾಗ ಮಾತ್ರ ವಿವೇಕಿಗಳಾದ ಕೆಲವರ ಮನಸ್ಸಿನಲ್ಲಿ ಅಳುಕು ಹುಟ್ಟುತ್ತದೆ. ಹಸಿವು ಗುರುವಾರಕ್ಕಾಗಿ ಕಾಯುವುದೆ? ನೆರೆಯವನ ಮನೆಗೆ ಬೆಂಕಿ ಬಿದ್ದರೆ ಕೂಟದ ದಿನವನ್ನು ನೋಡಿ ಕೊಡಪಾನ ಎತ್ತುವುದೆ? ಗಡಿಯಾರವನ್ನು ನೋಡಿಕೊಂಡು ಹುಟ್ಟುವ ಕರುಣೆ ಕರುಣೆಯೇ ಆದೀತೆ? ಈ ಪ್ರಶ್ನೆಗಳನ್ನು ಹಾಸ್ಯವೆಂದು ತಳ್ಳಿಹಾಕುವಂತಿಲ್ಲ. ಮನುಷ್ಯನ ಒಳ್ಳೆಯತನವು ಒಳಗಿನಿಂದ ತಾನಾಗಿ ಉಕ್ಕತಕ್ಕದ್ದೋ, ಹೊರಗಿನ ಕಟ್ಟಳೆಯಿಂದ ರೂಢಿಸಿಕೊಳ್ಳತಕ್ಕದ್ದೋ ಎಂಬ ಹಳೆಯ ವಿವಾದವು ಇವುಗಳ ಬೆನ್ನಿಗಿದೆ.

ವಾರದ ಸೇವಾಕೂಟಗಳಲ್ಲಿ ಹೆಚ್ಚು ಹೆಸರಾದದ್ದು ರೋಟರಿ. 1905ನೆಯ ಇಸವಿ ಫೆಬ್ರವರಿ 23ರಂದು ಚಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲನು ಮೂವರು ಗೆಳೆಯರೊಡನೆ ಕಲೆತದ್ದೇ ಅದರ ಮೊದಲು. ಒಬ್ಬೊಬ್ಬರ ಕಚೇರಿಯಲ್ಲಿ ಸರದಿಯಂತೆ ಸೇರುತ್ತಿದ್ದುದರಿಂದ ಸುತ್ತುವುದೆಂಬ ಅರ್ಥದ ಆ ಹೆಸರು ಬಂದಿತು. ಮೊದಲು ಅಲ್ಲಿ ಸೇವೆಯ ಮಾತೇ ಇರಲಿಲ್ಲವೆಂಬುದನ್ನು ಮರೆಯಬಾರದು. ದೊಡ್ಡ ಊರಿನಲ್ಲಿ ಒಂಟಿಯಾದವರು ಸ್ನೇಹವನ್ನೂ ವ್ಯಾಪಾರದ ಅನುಕೂಲವನ್ನೂ ಬಯಸಿ ಕಲೆತರು. ಎರಡು ವರ್ಷವಾದ ಮೇಲೆ, 1907ರಲ್ಲಿ, ಚಿಕಾಗೋದಲ್ಲಿ ಸಾರ್ವಜನಿಕ ಶೌಚಾಲಯವೊಂದನ್ನು ಕಟ್ಟಿಸಲು ಮುಂದಾದದ್ದೇ ಅವರ ಮೊದಲ ಲೋಕೋಪಕಾರ. ದೇವಾಲಯವನ್ನಲ್ಲ, ಶಿಲಾಸ್ತಂಭವನ್ನಲ್ಲ, ಶೌಚಾಲಯವನ್ನು! ಈ ಒಂದು ಸಂಗತಿಗಾಗಿಯಾದರೂ ಅವರನ್ನು ಮೆಚ್ಚಬೇಕು. 1920ರಲ್ಲಿ ಕಲ್ಕತ್ತೆಯ ಸಂಘವು ಅಂಗೀಕೃತವಾಗಿ ಈ ಪದ್ಧತಿ ಹಿಂದೂಸ್ಥಾನಕ್ಕೂ ಬಂದಿತು.

ಅದೇ 1905ರ ಜೂನ್ 12ರಂದು ಪುಣೆಯಲ್ಲಿ ಗೋಪಾಲ ಕೃಷ್ಣ ಗೋಖಲೆಯವರು ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದರು. ಒಂದೇ ವರ್ಷ, ನಾಲ್ಕು ತಿಂಗಳ ಅಂತರ. ಆದರೆ ಬೇಡಿಕೆಯಲ್ಲಿ ಎಷ್ಟು ವ್ಯತ್ಯಾಸ! ಚಿಕಾಗೋದ ಕೂಟವು ಸದಸ್ಯನಿಂದ ವಾರದಲ್ಲಿ ಒಂದೆರಡು ಗಳಿಗೆಯನ್ನು ಬೇಡಿತು. ಪುಣೆಯ ಸಮಾಜವು ಬಾಳನ್ನೇ ಬೇಡಿತು. ಅಲ್ಲಿ ಸೇರಿದವನು ತನಗಾಗಿ ಹಣ ಗಳಿಸುವುದಿಲ್ಲವೆಂದು ವ್ರತತೊಟ್ಟು, ಸಮಾಜವು ಕೊಟ್ಟ ಅಲ್ಪದಲ್ಲಿ ಸಂಸಾರವನ್ನು ಸಾಗಿಸಬೇಕು.

ಇವೆರಡರಲ್ಲಿ ಯಾವುದು ಮೇಲು ಎಂದರೆ ಉತ್ತರಕ್ಕಾಗಿ ಯಾರೂ ತಡಕಾಡಬೇಕಾಗಿಲ್ಲ. ಆದರೆ ಮೇಲಾದುದನ್ನು ಮೇಲೆಂದು ಒಪ್ಪಿಕೊಳ್ಳುವುದರಲ್ಲಿಯೇ ಒಂದು ಮೋಸವಡಗಿದೆ. ಸರ್ವಸ್ವತ್ಯಾಗಿಯನ್ನು ಹೊಗಳಿ ಕೈಮುಗಿದವನು, "ಅದು ಮಹಾತ್ಮರ ಕೆಲಸ, ಹೆಂಡಿರುಮಕ್ಕಳುಳ್ಳವರ ಪಾಡಲ್ಲ" ಎಂದು ಹೇಳಿ ನೆಮ್ಮದಿಯಾಗಿ ಮನೆಗೆ ಬರುತ್ತಾನೆ. ಹೊಗಳಿಕೆಯೇ ಆತನ ಪಾಲಿನ ಕಾಣಿಕೆಯಾಗಿಬಿಡುತ್ತದೆ. ಪಾಮನಕಲ್ಲೂರು ಸೇರಿರುವ ತಾಲ್ಲೂಕಿನ ಮುಖ್ಯಸ್ಥಳವಾದ ಮಸ್ಕಿಯ ಬಂಡೆಯಲ್ಲಿ ಈ ನೆವಕ್ಕೆ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಉತ್ತರವನ್ನು ಕೆತ್ತಲಾಗಿದೆ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರಾದ ಬೀಡನ್ ಎಂಬಾತನ ಕಣ್ಣಿಗೆ ಬಿದ್ದ ಆ ಶಾಸನವು, ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರನ್ನೂ ಹೇಳುವುದರಿಂದ ಚರಿತ್ರಕಾರರಿಗೆ ಅಮೂಲ್ಯವಾಯಿತು. ಹೆಸರಿನ ಸಂಭ್ರಮದಲ್ಲಿ ಒಳಗಿನ ಮಾತಿಗೆ ಸಾಲುವಷ್ಟು ಗಮನ ಬೀಳಲಿಲ್ಲವೆಂದು ತೋರುತ್ತದೆ. ಧರ್ಮದಲ್ಲಿ ನಿರತನಾದರೆ ಸಾಮಾನ್ಯನೂ ಈ ಫಲವನ್ನು ಪಡೆಯಬಲ್ಲನು, ಇದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ಭಾವಿಸಕೂಡದು, ಇದನ್ನು ಚಿಕ್ಕವರಿಗೂ ದೊಡ್ಡವರಿಗೂ ತಿಳಿಸಬೇಕು ಎಂಬುದು ಅದರ ತಾತ್ಪರ್ಯ. ಚಕ್ರವರ್ತಿಯು ತನ್ನ ಉತ್ಸಾಹಕ್ಕೂ ವರ್ಷಗಳ ಲೆಕ್ಕವನ್ನು ಕೊಟ್ಟಿದ್ದಾನೆ; ಎರಡೂವರೆ ವರ್ಷಕ್ಕೆ ಮೇಲ್ಪಟ್ಟು ಉಪಾಸಕನಾಗಿದ್ದೇನೆಂದು ಎಣಿಸಿ ಹೇಳಿದ್ದಾನೆ. ಧರ್ಮಕ್ಕೆ ಲೆಕ್ಕವೇಕೆ ಎನ್ನುವವರು ಇದನ್ನು ಗಮನಿಸಬಹುದು.

ಹಾಗಾದರೆ ವಾರದ ಸೇವೆಯು ಸಾಮಾನ್ಯನಿಗೆ ತೆರೆದ ಬಾಗಿಲೆಂದು ಹೇಳಿ ಮುಗಿಸಿಬಿಡಬಹುದೆ? ಮುಗಿಸಲಾಗದು. ಬಾಗಿಲಲ್ಲಿಯೇ ಕುಳಿತುಬಿಡುವವರೂ ಇದ್ದಾರೆ.

ಕೂಟದ ಸಂಜೆಯನ್ನು ನೋಡಿದವರಿಗೆ ಅದರ ಕ್ರಮವು ತಿಳಿದದ್ದೇ. ಪ್ರಾರ್ಥನೆ, ಸ್ವಾಗತ, ಕಳೆದ ವಾರದ ವರದಿ, ಅತಿಥಿಗಳ ಪರಿಚಯ, ಹಾರ, ಶಾಲು, ಭಾಷಣ, ವಂದನಾರ್ಪಣೆ, ಫಲಾಹಾರ. ನಡುವೆ ಎಲ್ಲಿಯೋ ಒಂದು ಕಡೆ, ಮುಂದಿನ ತಿಂಗಳು ಶಾಲೆಯ ಮಕ್ಕಳಿಗೆ ಪುಸ್ತಕ ಹಂಚುವ ವಿಚಾರವು ಐದು ನಿಮಿಷ ಬಂದುಹೋಗುತ್ತದೆ. ವಂದಿಸಬೇಕಾದವರ ಪಟ್ಟಿಯು ಸೇವೆ ಪಡೆದವರ ಪಟ್ಟಿಗಿಂತ ಉದ್ದವಾದ ಸಂಜೆಗಳೂ ಉಂಟು. ಹಾಜರಿಯ ವಿಷಯದಲ್ಲಿ ರೋಟರಿಯ ಹಳೆಯ ಕಟ್ಟಳೆಯು ಬಹಳ ಬಿಗಿ. ಎಡೆಬಿಡದೆ ನಾಲ್ಕು ವಾರ ಬಾರದವನು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದಾಗಿತ್ತು. 2016ರಲ್ಲಿ ಆ ಬಿಗಿಯನ್ನು ಸಡಿಲಿಸಿ, ತಿಂಗಳಿಗೆ ಎರಡು ಸಲವಾದರೂ ಕಲೆತರೆ ಸಾಕೆಂದು ಆಯಾ ಸಂಘಗಳಿಗೆ ಬಿಟ್ಟುಕೊಟ್ಟರು. ಬಿಗಿಯಿದ್ದಾಗ ಒಂದು ಕೇಡು, ಸಡಿಲಾದಾಗ ಇನ್ನೊಂದು. ಬಿಗಿಯಿದ್ದಾಗ ಬಂದು ಕುಳಿತದ್ದೇ ಸೇವೆಯೆಂಬ ಭ್ರಮೆ ಹುಟ್ಟುತ್ತದೆ. ಸಡಿಲಾದಾಗ, ಸೋಮವಾರವನ್ನು ಬಿಟ್ಟು ಎತ್ತು ದಣಿದಾಗ ನೋಡೋಣವೆಂದವನ ಕಥೆಯಾಗುತ್ತದೆ. ಎರಡರಲ್ಲಿ ಆರಿಸಬೇಕಾದರೆ ಬಿಗಿಯೇ ಲೇಸು. ಬಂದು ಕುಳಿತವನಿಗೆ ಎಂದಾದರೊಂದು ದಿನ ನಾಚಿಕೆಯಾದೀತು, ಬಾರದವನಿಗೆ ಅದಕ್ಕೂ ಅವಕಾಶವಿಲ್ಲ.

ಕಟ್ಟಳೆಯಿಂದ ಕರುಣೆಯು ಒಣಗುವುದೆಂಬ ಆಕ್ಷೇಪಕ್ಕೆ ಈ ನಾಡಿನಲ್ಲಿಯೇ ಒಂದು ಹಳೆಯ ಸಮಾಧಾನವಿದೆ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರವು ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಊರೆಂದು ಹೇಳುತ್ತಾರೆ. ಕಲ್ಯಾಣಕ್ಕೆ ಹೋದ ಮಾರಯ್ಯನು ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ದಿನವೂ ಆಯ್ದು ತರುವನು. ಆ ಅಕ್ಕಿಯಿಂದ ಜಂಗಮದಾಸೋಹ ನಡೆಯುವುದು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಂದಿತು. ಇನ್ನಷ್ಟು ಜನಕ್ಕೆ ಉಣಿಸಬಹುದೆಂದು ಹಿಗ್ಗಬೇಕಾಗಿದ್ದ ಲಕ್ಕಮ್ಮನು ಹಿಗ್ಗಲಿಲ್ಲ. ಈ ಆಸೆ ಎಲ್ಲಿಂದ ಬಂದಿತೆಂದು ಗಂಡನನ್ನು ಕೇಳಿ, ಹೆಚ್ಚಾದುದನ್ನು ಮೊದಲಿದ್ದಲ್ಲಿಯೇ ಸುರಿದುಬರುವಂತೆ ಕಳುಹಿಸಿದಳೆಂದು ಕಥೆ.

ಇಂದಿನ ಸೇವಾಸಂಘದ ಕಾರ್ಯದರ್ಶಿಗೆ ಈ ಕಥೆಯು ಅರ್ಥವಾಗುವುದು ಕಷ್ಟ. ದಾನಕ್ಕೆಂದು ಬಂದುದನ್ನು ಹಿಂದಕ್ಕೆ ಸುರಿಯುವುದೆ? ಆದರೆ ಲಕ್ಕಮ್ಮನ ಲೆಕ್ಕವು ಬೇರೆ. ದಾಸೋಹವೆಂದರೆ ತಾನು ದಾಸನೆಂಬ ಅರಿವು. ಅದು ತನ್ನ ಕಾಯಕದ ಅಳತೆಯಲ್ಲಿ, ದಿನದ ಕ್ರಮದಲ್ಲಿ ನಡೆಯುವವರೆಗೆ ಮಾಡುವವನು ದಾಸನಾಗಿಯೇ ಉಳಿಯುತ್ತಾನೆ. ಅಳತೆ ಮೀರಿದ ದಿನ ಅವನು ದಾನಿಯಾಗುತ್ತಾನೆ; ಅಂದಿನಿಂದ ಉಣ್ಣುವವನ ಕಣ್ಣಿನಲ್ಲಿ ಕೃತಜ್ಞತೆಯನ್ನು ಹುಡುಕತೊಡಗುತ್ತಾನೆ. ದಿನದಿನದ ಕಟ್ಟಳೆಯು ಇಲ್ಲಿ ಕರುಣೆಯನ್ನು ಒಣಗಿಸಲಿಲ್ಲ. ಅಹಂಕಾರವು ಮೊಳೆಯದಂತೆ ಕಾದಿತು. ವರ್ಷಕ್ಕೊಮ್ಮೆ ಮಂಟಪ ಹಾಕಿ ಸಾವಿರ ಹೊದಿಕೆ ಹಂಚುವವನಿಗಿಂತ ವಾರವಾರವೂ ಒಬ್ಬ ಮುದುಕನ ಮದ್ದಿನ ಚೀಟಿಯನ್ನು ಓದಿ ಹೇಳುವವನಿಗೆ ಗರ್ವಪಡಲು ಅವಕಾಶವು ಕಡಿಮೆ, ಬೇಸರಪಡಲು ಅವಕಾಶವು ಹೆಚ್ಚು. ಆ ಬೇಸರವನ್ನು ದಾಟುವುದರಲ್ಲಿಯೇ ಇರುವುದು ಸೇವೆಯ ಕಷ್ಟ.

ಇದುವರೆಗೆ ನಡೆದ ವಿಚಾರವೆಲ್ಲ ಕೊಡುವವನ ಅಂತಃಕರಣವನ್ನು ಕುರಿತದ್ದಾಯಿತು. ಧರ್ಮವಿಚಾರಕರಿಗೆ ಇದೊಂದು ರೂಢಿ. ಕೊಡುವವನ ಮನಸ್ಸನ್ನು ಸಾಣೆ ಹಿಡಿದು ನೋಡುತ್ತಾರೆ, ಪಡೆಯುವವನನ್ನು ಹೊರಗೆ ಜಗಲಿಯಲ್ಲಿ ಕುಳ್ಳಿರಿಸುತ್ತಾರೆ. ಆ ಜಗಲಿಯಲ್ಲಿ ಕುಳಿತವಳು ಕಣ್ಣು ಮಂಜಾದ ಮುದುಕಿಯೊಬ್ಬಳೆಂದು ಭಾವಿಸೋಣ. ಮಗ ದುಡಿಯಲು ಬೆಂಗಳೂರಿಗೆ ಹೋಗಿದ್ದಾನೆ. ಪಿಂಚಣಿಯ ಕಾಗದ, ಆಸ್ಪತ್ರೆಯ ಚೀಟಿ, ಮಗನ ಸುದ್ದಿ ಎಲ್ಲಕ್ಕೂ ಪರರ ಕಣ್ಣೇ ಬೇಕು. ಇವಳ ಮನೆಗೆ ಮನಸ್ಸು ಕರಗಿದಾಗಲೆಲ್ಲ ಬರುವ ಒಬ್ಬ ಪರಮದಯಾಳುವಿದ್ದಾನೆ; ಪ್ರತಿ ಗುರುವಾರ ಸಂಜೆ ಸಂಘದ ಕಟ್ಟಳೆಗೆ ಸಿಕ್ಕಿ, ಅರೆಮನಸ್ಸಿನಿಂದಲೇ ಬರುವ ಇನ್ನೊಬ್ಬನಿದ್ದಾನೆ. ಮುದುಕಿಯು ಯಾರನ್ನು ನಂಬಿ ಕಾಗದವನ್ನು ಗೂಡಿನಲ್ಲಿ ಎತ್ತಿಡುತ್ತಾಳೆ? ಗುರುವಾರದವನನ್ನೇ. ಮೊದಲನೆಯವನ ದಯೆಯಲ್ಲಿ ದೋಷವಿಲ್ಲ, ಆದರೆ ಅದಕ್ಕಾಗಿ ಅವಳು ಕಾಯಲಾರಳು, ಕೇಳಲಾರಳು. ಬಂದಾಗ ಕೈಮುಗಿಯಬಹುದು, ಅಷ್ಟೆ. ಗೊತ್ತಾದ ದಿನವಿದ್ದರೆ, "ಯಾಕಪ್ಪಾ, ಹೋದ ವಾರ ಬರಲಿಲ್ಲ?" ಎಂದು ಗದರಿಸುವ ಅಧಿಕಾರವು ಅವಳಿಗೆ ಬರುತ್ತದೆ. ಭಿಕ್ಷೆಯು ಹಕ್ಕಿಗೆ ಹತ್ತಿರವಾಗುವುದು ಆ ಗದರಿಕೆಯಲ್ಲಿ.

ಇದು ಬರಿಯ ಊಹೆಯ ಮಾತಲ್ಲವೆಂಬುದಕ್ಕೆ ಪೋಲಿಯೋ ರೋಗದ ಚರಿತ್ರೆಯು ಸಾಕ್ಷಿ. 1985ರಲ್ಲಿ ರೋಟರಿ ಸಂಸ್ಥೆಯು ಆ ರೋಗವನ್ನು ಲೋಕದಿಂದ ತೊಲಗಿಸುವ ಸಂಕಲ್ಪವನ್ನು ಮಾಡಿತು. ಹಿಂದೂಸ್ಥಾನದಲ್ಲಿ 1995ರಿಂದ ಸರ್ಕಾರವು ಗೊತ್ತಾದ ದಿನಗಳಲ್ಲಿ, ಬಹುಮಟ್ಟಿಗೆ ಭಾನುವಾರಗಳಲ್ಲಿ, ಚಿಕ್ಕ ಮಕ್ಕಳೆಲ್ಲರಿಗೂ ಏಕಕಾಲಕ್ಕೆ ಲಸಿಕೆಯ ಹನಿ ಹಾಕಿಸತೊಡಗಿತು. ಒಂದು ಸಲ ಹಾಕಿದರೆ ಸಾಲದು. ಮರಳಿ ಮರಳಿ ಹಾಕಬೇಕು, ಒಂದೇ ಹೊತ್ತಿಗೆ ಹಾಕಬೇಕು. ಇಲ್ಲಿ ದಿನವನ್ನು ಗೊತ್ತುಮಾಡಿದ್ದೇ ಔಷಧದ ಅರ್ಧ ಬಲ. 2011ರ ಜನವರಿ 13ರಂದು ಹೌರಾ ಜಿಲ್ಲೆಯ ಒಂದು ಮಗುವಿನಲ್ಲಿ ಕಾಣಿಸಿಕೊಂಡದ್ದೇ ಈ ದೇಶದಲ್ಲಿ ಆ ನಿಸರ್ಗಜನ್ಯ ವಿಷಾಣುವಿನ ಕಡೆಯ ಪ್ರಕರಣವಾಯಿತು. 2014ರ ಮಾರ್ಚ್ 27ರಂದು ದೇಶವು ಪೋಲಿಯೋಮುಕ್ತವೆಂದು ಪ್ರಮಾಣಿತವಾಯಿತು. ಸಂಘಗಳವರು ಹಣ ಕೂಡಿಸಿದರು, ಮೇಜು ಹಾಕಿ ಹನಿ ಹಾಕಿದರು, ಚಿತ್ರ ತೆಗೆಸಿಕೊಂಡರು, ಬೇಡವೆನ್ನುವವರಾರು? ಆದರೆ ಮೇಜಿನ ಬಳಿಗೆ ಬಾರದ ಮಕ್ಕಳನ್ನು ಹುಡುಕಿಕೊಂಡು ಮನೆಮನೆಗೆ ನಡೆದು, ಬಾಗಿಲ ಮೇಲೆ ಗುರುತು ಬರೆದು, ಹೊಲದ ಗುಡಿಸಲಿಗೂ ಇಟ್ಟಿಗೆಗೂಡಿಗೂ ಹೋದವರು ಅಂಗನವಾಡಿಯ ಮತ್ತು ಆರೋಗ್ಯ ಇಲಾಖೆಯ ಅಲ್ಪವೇತನದ ಹೆಣ್ಣುಮಕ್ಕಳು. ಅವರ ಹೆಸರು ಯಾವ ವಂದನಾರ್ಪಣೆಯಲ್ಲಿಯೂ ಪೂರ್ತಿಯಾಗಿ ಬಂದದ್ದಿಲ್ಲ.

ಇಲ್ಲಿಗೆ ಪ್ರಶ್ನೆಯ ನಿಜವಾದ ಮುಳ್ಳು ಸಿಕ್ಕಿತು. ವಾರವುಂಟೆ ಎಂಬುದಕ್ಕಿಂತ, ಆ ವಾರದ ಪಟ್ಟಿಯಲ್ಲಿ ಯಾರ ಹೆಸರುಂಟು ಎಂಬುದು ಹೆಚ್ಚಿನ ವಿಚಾರ. ಒಂದೊಂದು ಉದ್ಯೋಗದಿಂದ ಒಬ್ಬೊಬ್ಬ ಗಣ್ಯನನ್ನು ಆಯ್ದುಕೊಳ್ಳುವುದು ರೋಟರಿಯ ಮೊದಲಿನ ಪದ್ಧತಿ. ಹೆಂಗಸರಿಗಂತೂ ಅದರ ಬಾಗಿಲು ಬಹುಕಾಲ ಮುಚ್ಚಿತ್ತು. 1987ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ತೀರ್ಪುಕೊಟ್ಟ ಮೇಲೆ, 1989ರಲ್ಲಿ ಸಂಸ್ಥೆಯೇ ತನ್ನ ನಿಯಮವನ್ನು ತಿದ್ದಿಕೊಂಡಿತು. ಎಂಬತ್ತು ವರ್ಷಕ್ಕೆ ಮೇಲ್ಪಟ್ಟು ಲೋಕಸೇವೆಯನ್ನು ಕುರಿತು ವಾರವಾರವೂ ಮಾತನಾಡಿದ ಕೂಟಕ್ಕೆ, ಲೋಕದ ಅರ್ಧವು ಕೋಣೆಯ ಹೊರಗಿದೆಯೆಂಬುದು ತಾನಾಗಿ ಹೊಳೆಯಲಿಲ್ಲವೆಂದರೆ ಆಶ್ಚರ್ಯವಲ್ಲವೆ?

ಹಳ್ಳಿಯ ಮುಯ್ಯಾಳಿನ ಪದ್ಧತಿಯಲ್ಲಿ ಈ ತೊಡಕಿಲ್ಲ. ಇಂದು ಇವನ ಹೊಲಕ್ಕೆ ಅವನು, ನಾಳೆ ಅವನ ಹೊಲಕ್ಕೆ ಇವನು. ಯಾರು ಸೇವಕ, ಯಾರು ಸೇವಿತ ಎಂದು ವಿಂಗಡಿಸುವಂತಿಲ್ಲ. ಹಾಗೆಂದು ಅದನ್ನು ಅತಿಯಾಗಿ ಕೊಂಡಾಡುವುದೂ ತಪ್ಪು. ಮುಯ್ಯಿಗೆ ಮರಳಿಸಲು ಹೊಲವೂ ತೋಳೂ ಬೇಕು. ಹೊಲವಿಲ್ಲದ ಕೂಲಿಗೂ ಹಾಸಿಗೆ ಹಿಡಿದ ರೋಗಿಗೂ ಆ ಲೆಕ್ಕದಲ್ಲಿ ಸ್ಥಾನವಿಲ್ಲ. ಕೇರಿಯ ಎಲ್ಲೆಯನ್ನು ಅದು ದಾಟಿದ್ದೂ ಅಪರೂಪ. ಮರಳಿಸಲಾರದವನನ್ನು ನೆನೆದದ್ದು ಸೇವಾಸಂಘದ ಹೆಚ್ಚಳ. ಮರಳಿಸಲಾರದವನನ್ನು ತನ್ನ ಸಮಕ್ಕೆ ಕೂಡಿಸಿಕೊಳ್ಳದಿರುವುದು ಅದರ ಕೊರತೆ.

ಮಂಗಳೂರಿನಲ್ಲಿ ರಾಮಕೃಷ್ಣ ಮಿಷನ್ನಿನವರು 2015ರಿಂದ ವರ್ಷಗಟ್ಟಲೆ ಭಾನುವಾರದ ಬೆಳಗ್ಗೆ ಜನರನ್ನು ಕೂಡಿಸಿ ಬೀದಿ ಗುಡಿಸುವ ಶ್ರಮದಾನವನ್ನು ನಡೆಸಿದರು. ಅಧ್ಯಾಪಕರೂ ವ್ಯಾಪಾರಿಗಳೂ ವಿದ್ಯಾರ್ಥಿಗಳೂ ಪೊರಕೆ ಹಿಡಿದರು. ಇಂತಹ ಕೆಲಸದಲ್ಲಿ ಬೀದಿಯು ಎಷ್ಟು ಶುಚಿಯಾಯಿತೆಂಬುದನ್ನು ಅಳೆಯುವುದು ಸುಲಭ. ಪಾಮನಕಲ್ಲೂರಿನಲ್ಲಿ ನಾಳೆ ಹತ್ತು ಮಂದಿ ಯುವಕರು ಹೀಗೆ ಒಂದು ವಾರವನ್ನು ಗೊತ್ತುಮಾಡಿಕೊಂಡು ಗುಡಿಯ ಮುಂದಣ ಚರಂಡಿಯನ್ನು ಎತ್ತಿದರೆಂದಿಟ್ಟುಕೊಂಡರೂ ಆ ಅಳತೆ ಸಿಕ್ಕೀತು. ಅಳೆಯಲು ಕಷ್ಟವಾದದ್ದು ಬೇರೊಂದು. ಉಳಿದ ಆರು ದಿನ ಅದೇ ಚರಂಡಿಯನ್ನು ಎತ್ತುವವನು ಆ ಹತ್ತು ಮಂದಿಯ ಮನೆಗೆ ಬಂದರೆ ನೀರನ್ನು ಯಾವ ಲೋಟದಲ್ಲಿ ಕೊಡುತ್ತಾರೆ, ಎಲ್ಲಿ ಕೂರಿಸುತ್ತಾರೆ? ಭಾನುವಾರದ ಪೊರಕೆಯು ಸೋಮವಾರದ ಲೋಟವನ್ನು ಬದಲಾಯಿಸದಿದ್ದರೆ ಶುಚಿಯಾದದ್ದು ಬೀದಿ ಮಾತ್ರ. ಬದಲಾಯಿಸಿದ್ದೂ ಉಂಟು, ಬದಲಾಯಿಸದಿದ್ದುದೂ ಉಂಟು. ವಾರದ ಕಟ್ಟಳೆಯೊಂದರ ಮೇಲೆಯೇ ಇದರ ಹೊಣೆಯನ್ನು ಹೊರಿಸಲಾಗದು.

ಕಡೆಗೆ ಮೊದಲಿನ ಬೆಂಕಿಯ ಪ್ರಶ್ನೆಯು ಉಳಿಯಿತು. ಸಂಘದ ಸದಸ್ಯನೊಬ್ಬನು ಕೂಟಕ್ಕೆ ಹೊರಟ ದಾರಿಯಲ್ಲಿ ಬಂಡಿಯಿಂದ ಬಿದ್ದ ಕೂಲಿಯಾಳನ್ನು ಕಂಡು, ಅವನನ್ನು ಲಿಂಗಸುಗೂರಿನ ಆಸ್ಪತ್ರೆಗೆ ಸೇರಿಸಿ, ರಾತ್ರಿ ತಡವಾಗಿ ಮನೆಗೆ ಬಂದನೆಂದಿಟ್ಟುಕೊಂಡರೆ, ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರುಹಾಜರಿಯೇ ಬೀಳತಕ್ಕದ್ದು. ಪುಸ್ತಕಕ್ಕೆ ಆಸ್ಪತ್ರೆ ಗೊತ್ತಿಲ್ಲ. ಆದರೆ ರೋಟರಿಯ ಕಟ್ಟಳೆಯಲ್ಲಿಯೇ ಇದಕ್ಕೊಂದು ಸಣ್ಣ ಕಿಂಡಿಯನ್ನು ಬಿಟ್ಟಿದ್ದಾರೆ. ತನ್ನ ಕೂಟವನ್ನು ತಪ್ಪಿಸಿಕೊಂಡವನು ಬೇರೆ ಊರಿನ ಸಂಘದ ಕೂಟದಲ್ಲಿ ಕುಳಿತುಬಂದರೆ ಆ ಕೊರತೆ ತುಂಬಿತೆಂದು ಮೊದಲು ಎಣಿಸುತ್ತಿದ್ದರು. ಕಾಲಕ್ರಮದಲ್ಲಿ, ಸಂಘದ ಸೇವಾಕಾರ್ಯದಲ್ಲಿ ಕೈಹಾಕಿ ದುಡಿದರೂ ಹಾಜರಿಯೆಂದೇ ಎಣಿಸಬಹುದೆಂದು ಸೇರಿಸಿದರು. ಕೂಲಿಯಾಳನ್ನು ಎತ್ತಿದ್ದು ಸಂಘವು ನಿರ್ಣಯಿಸಿದ ಕಾರ್ಯವಲ್ಲವೆಂದು ಕಾರ್ಯದರ್ಶಿಯು ಹೇಳಬಹುದು. ಹೇಳಿದರೆ, ಮುಂದಿನ ವಾರ ಅದನ್ನೇ ಮೊದಲ ವಿಷಯವಾಗಿ ಸಭೆಯ ಮುಂದಿಡುವುದಕ್ಕೆ ಆ ಸದಸ್ಯನಿಗೆ ಅಡ್ಡಿಯೇನೂ ಇಲ್ಲ.