ಒಪ್ಪು ಮತ್ತು ಒಪ್ಪಿಗೆ

ಎರಡು ಭಾಷೆಗಳ ನಡುವೆ ಬದುಕುವ ನಮ್ಮಂತಹ ಗಡಿನಾಡಿನವರನ್ನು ಕೆಲವು ಶಬ್ದಗಳು ದಾರಿ ತಪ್ಪಿಸುತ್ತವೆ, ಕೆಲವು ಯೋಚನೆಗೆ ಹಚ್ಚುತ್ತವೆ. 'ಒಪ್ಪು' ಎಂಬುದು ಎರಡನೆಯ ಬಗೆಯದು. ಮಲಯಾಳದಲ್ಲಿ ಒಪ್ಪು ಎಂದರೆ ಸಹಿ. ಕನ್ನಡದಲ್ಲಿ ಒಪ್ಪು ಎಂದರೆ ಸಮ್ಮತಿಸು. ಬೇರು ಒಂದೇ. ವಿಜಯನಗರದ ಅರಸರ ಶಾಸನಗಳ ಕೊನೆಗೆ 'ಶ್ರೀ ವಿರೂಪಾಕ್ಷ' ಎಂದು ಕನ್ನಡ ಅಕ್ಷರಗಳಲ್ಲಿ ಬರುವ ಅಂಕಿತಕ್ಕೂ 'ಒಪ್ಪ' ಎಂಬ ಹೆಸರಿತ್ತು. ಮನಸ್ಸು ಒಪ್ಪಿದ್ದನ್ನು ಕೈ ಬರೆದು ತೋರಿಸುವುದೇ ಸಹಿ ಎಂದು ಹಿಂದಿನವರು ತಿಳಿದಿದ್ದಿರಬೇಕು. ಈಗ ಈ ಎರಡೂ ಅರ್ಥಗಳು ಬೇರೆ ಬೇರೆಯಾಗಿವೆ. ಸಹಿ ಇದ್ದಲ್ಲಿ ಸಮ್ಮತಿ ಇರಲೇಬೇಕೆಂದಿಲ್ಲ.

ನಾನು ಬ್ಯಾಂಕಿನ ಗುಮಾಸ್ತ. ಇಪ್ಪತ್ತು ವರ್ಷಗಳಿಂದ ಸಹಿ ನೋಡುವುದು ನನ್ನ ದಿನನಿತ್ಯದ ಕೆಲಸ. ಚೆಕ್ಕಿನ ಸಹಿಯನ್ನು ನಮ್ಮಲ್ಲಿರುವ ಮಾದರಿ ಸಹಿಯೊಡನೆ ಹೋಲಿಸುತ್ತೇವೆ. ಕೈ ನಡುಗಿದ್ದರೆ ಗೊತ್ತಾಗುತ್ತದೆ. ಸಹಿ ಹಾಕುವಾಗ ಮನಸ್ಸು ಏನೆಂದು ತಿಳಿದಿತ್ತು ಎಂಬುದು ಯಾವ ಮಾದರಿಯಿಂದಲೂ ಗೊತ್ತಾಗುವುದಿಲ್ಲ. ಹಾಗಾಗಿ ಈ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡಿದೆ: ಸರಿಯಾಗಿ ತಿಳಿಯದೆ ಕೊಟ್ಟ ಒಪ್ಪಿಗೆಗೆ ಮನುಷ್ಯ ಎಷ್ಟರಮಟ್ಟಿಗೆ ಬದ್ಧ? ಅದನ್ನು ಬಿಡಿಸಲು ಹೊರಟ ಹತ್ತಿರದವರಿಗೆ ಎಷ್ಟರಮಟ್ಟಿನ ಹಕ್ಕಿದೆ?

ಇದಕ್ಕೆ ಒಂದು ಉದಾಹರಣೆ ನಮ್ಮ ಕುಟುಂಬದಲ್ಲೇ ಒದಗಿತು. ಬದಿಯಡ್ಕದ ಆಚೆ ಒಳಗಿನ ಒಂದು ಊರಿನಲ್ಲಿ ನನ್ನ ಸೋದರತ್ತೆ ಇದ್ದಾರೆ. ವಯಸ್ಸು ಎಪ್ಪತ್ತನಾಲ್ಕು. ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ತನಕ ಓದಿದವರು. ಪೇಟೆಗೆ ಸಾಕಾಗುವಷ್ಟು ಮಲಯಾಳ ಮಾತಾಡಬಲ್ಲರು, ಓದಲಾರರು. 2025ರ ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಅವರ ಮನೆಗೆ ಸೌರ ವಿದ್ಯುತ್ತಿನ ಕಂಪೆನಿಯೊಂದರ ಹುಡುಗ ಬಂದ. ಇನ್ನು ಮುಂದೆ ಕರೆಂಟು ಬೋರ್ಡಿಗೆ ದುಡ್ಡು ಕಟ್ಟುವುದು ಬೇಡ, ಇದು ಕೇಂದ್ರ ಸರಕಾರದ ಉಚಿತ ಯೋಜನೆ ಎಂದ. ಅತ್ತೆ ಹತ್ತು ಸಾವಿರ ರೂಪಾಯಿ ಮುಂಗಡ ಕೊಟ್ಟರು. ಆಧಾರ್, ಕರೆಂಟು ಬಿಲ್ಲು, ಪಾಸ್‌ಬುಕ್ಕು, ಭೂಕಂದಾಯದ ರಶೀದಿ, ಇವುಗಳ ಪ್ರತಿಗಳನ್ನು ಕೊಟ್ಟರು. ನಾಲ್ಕು ಕಡೆ ಸಹಿ ಹಾಕಿದರು.

ಹುಡುಗ ಹೇಳಿದ್ದು ಪೂರ್ತಿ ಸುಳ್ಳೆಂದು ಹೇಳುವಂತಿಲ್ಲ, ಅದೇ ಇದರಲ್ಲಿರುವ ತೊಡಕು. ಅಂತಹ ಯೋಜನೆ ಇದ್ದದ್ದು ನಿಜ. 2024ರ ಫೆಬ್ರವರಿಯಲ್ಲಿ ಆರಂಭವಾದ ಅದರ ಹೆಸರಿನಲ್ಲೇ 'ಮುಫ್ತ್ ಬಿಜ್ಲಿ', ಅಂದರೆ ಪುಕ್ಕಟೆ ಕರೆಂಟು, ಎಂಬ ಮಾತಿದೆ. ಆದರೆ ಪುಕ್ಕಟೆಯಾಗಿ ಸಿಗುವುದು ಬಿಸಿಲು. ಫಲಕಕ್ಕೆ ಬೆಲೆ ಇದೆ. ಮೂರು ಕಿಲೋವಾಟಿನ ಘಟಕಕ್ಕೆ ಸಹಾಯಧನ 78,000 ರೂಪಾಯಿ, ಅದೂ ಘಟಕ ಕೂಡಿಸಿ ತಪಾಸಣೆ ಮುಗಿದ ಮೇಲೆ ಬ್ಯಾಂಕು ಖಾತೆಗೆ ಬರುವಂತಹದು. ಕಂಪೆನಿ ಅತ್ತೆಗೆ ಬರೆದ ಬೆಲೆ ಎರಡು ಲಕ್ಷ. ಉಳಿದ 1,22,000ಕ್ಕೆ ಐದು ವರ್ಷದ ಸಾಲದ ಅರ್ಜಿ. ಅವರು ಸಹಿ ಹಾಕಿದ ನಾಲ್ಕು ಕಡೆಗಳಲ್ಲಿ ಒಂದು ಆ ಅರ್ಜಿಯಲ್ಲಿತ್ತು. ಸಾಲ ಎಂಬ ಶಬ್ದ ಜಗಲಿಯಲ್ಲಿ ಯಾರ ಬಾಯಿಯಿಂದಲೂ ಬರಲಿಲ್ಲವೆಂದು ಅತ್ತೆ ಹೇಳಿದರು. ಕಂತು ತಿಂಗಳಿಗೆ ಎರಡು ಸಾವಿರಕ್ಕೆ ಮೇಲೆ. ಅವರ ಕರೆಂಟು ಬಿಲ್ಲು ಎರಡು ತಿಂಗಳಿಗೆ ಆರುನೂರು ದಾಟಿದ್ದಿಲ್ಲ.

ನನಗೆ ಕುತೂಹಲ ಹುಟ್ಟಿಸಿದ್ದು ಅತ್ತೆ ಏಕೆ ಸಹಿ ಹಾಕಿದರು ಎಂಬುದು. ಆಸೆಯಿಂದಲ್ಲ. "ಬಿಸಿಲಿಗೆ ಬೆಂದು ಬಂದಿದ್ದ ಮಾರಾಯ. ಬೆಲ್ಲ ನೀರು ಕೊಟ್ಟೆ. ಕುಡಿದು, ಅಜ್ಜಿ ಎಂದು ಕರೆದು, ಒಂದು ಗಂಟೆ ಕೂತು ಹೇಳಿದ. ಹಾಗೆ ಕೂತವನನ್ನು ಆಗುವುದಿಲ್ಲ ಎಂದು ಕಳಿಸುವುದು ಹೇಗೆ?" ಎಂದರು.

ಈ ಮಾತನ್ನು ನಾವು ಹಗುರವಾಗಿ ತೆಗೆದುಕೊಳ್ಳಬಾರದು. ತುಳುನಾಡಿನ ಮನೆಗಳಲ್ಲಿ ಬಂದವರಿಗೆ ಮೊದಲು ಬೆಲ್ಲ ನೀರು. ಬಂದ ಕಾರಣ ಕೇಳುವುದು ಆಮೇಲೆ. ಜಗಲಿ ಏರಿದವನು ಅತಿಥಿ. ಅಂಗಡಿಗೆ ನಾವು ಹೋದಾಗ ಬೇಡವೆಂದು ಹಿಂದೆ ಬರಬಹುದು. ಅಂಗಡಿಯೇ ಮನೆಗೆ ಬಂದು ನಮ್ಮ ಚಾಪೆಯಲ್ಲಿ ಕೂತಾಗ ಬೇಡವೆನ್ನುವುದು ಅತಿಥಿಯನ್ನು ಎಬ್ಬಿಸಿದಂತೆ ತೋರುತ್ತದೆ. ಮನೆಬಾಗಿಲ ವ್ಯಾಪಾರದ ಬಲವೆಲ್ಲ ಇಲ್ಲಿದೆ. ಅದು ನಮ್ಮ ದುರಾಸೆಯನ್ನಲ್ಲ, ನಮ್ಮ ಸೌಜನ್ಯವನ್ನು ಬಳಸಿಕೊಳ್ಳುತ್ತದೆ. ಆದ್ದರಿಂದ ಮೋಸಹೋದ ಹಿರಿಯರನ್ನು ಬುದ್ಧಿಯಿಲ್ಲದವರೆಂದು ಬೈಯುವುದು ಅನ್ಯಾಯ. ಅವರಲ್ಲಿ ಕೊರತೆಯಾದದ್ದು ಬುದ್ಧಿಯಲ್ಲ, ಹೆಚ್ಚಾಗಿದ್ದದ್ದು ಮರ್ಯಾದೆ.

ಇದು ನಮ್ಮೊಬ್ಬರ ಕಷ್ಟವೂ ಅಲ್ಲ. ನಮ್ಮ ಜಿಲ್ಲೆಯಲ್ಲಿ ಮನೆಗೆ ಕರೆಂಟು ಕೊಡುವ ಬೋರ್ಡು ಒಂದೇ, ಆರಿಸುವ ಪ್ರಶ್ನೆಯಿಲ್ಲ. ಬ್ರಿಟನ್ನಿನಲ್ಲಿ 1998-99ರ ಸುಮಾರಿಗೆ ಮನೆಯವರು ಬೇಕಾದ ವಿದ್ಯುತ್ ಕಂಪೆನಿಯನ್ನು ಆರಿಸಿಕೊಳ್ಳುವ ವ್ಯವಸ್ಥೆ ಬಂತು. ಕಂಪೆನಿಗಳ ಮಾರಾಟಗಾರರು ಮನೆಮನೆಯ ಬಾಗಿಲು ತಟ್ಟಿದರು. ನಮ್ಮಲ್ಲಿಗೆ ಬದಲಾಯಿಸಿ, ಹಣ ಉಳಿಯುತ್ತದೆ ಎಂದರು. ಅನೇಕರಿಗೆ ಉಳಿಯಲಿಲ್ಲ. ಸ್ಕಾಟಿಷ್ ಅಂಡ್ ಸದರ್ನ್ ಎನರ್ಜಿ ಎಂಬ ದೊಡ್ಡ ಕಂಪೆನಿಯನ್ನು ಇಂತಹ ಮಾರಾಟಕ್ಕಾಗಿ 2011ರಲ್ಲಿ ಗಿಲ್ಡ್‌ಫರ್ಡಿನ ನ್ಯಾಯಾಲಯ ತಪ್ಪಿತಸ್ಥನೆಂದು ಹೇಳಿತು. 2013ರಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆ ಆಫ್‌ಜೆಮ್ ಒಂದು ಕೋಟಿ ಐದು ಲಕ್ಷ ಪೌಂಡು ದಂಡ ಹಾಕಿತು. ಅಲ್ಲಿ ಬೆಲ್ಲ ನೀರಿನ ಪದ್ಧತಿಯಿಲ್ಲ. ಆದರೂ ಬಾಗಿಲಲ್ಲಿ ನಿಂತು ನಗುನಗುತ್ತಾ ಮಾತಾಡುವವನಿಗೆ ಬೇಡವೆನ್ನುವುದು ಎಲ್ಲ ದೇಶದ ಮುದುಕರಿಗೂ ಕಷ್ಟವೇ ಎಂದು ತೋರುತ್ತದೆ.

ಈಗ ಮೊದಲನೆಯ ಪ್ರಶ್ನೆಗೆ ಬರೋಣ. ಅತ್ತೆಗೆ ಕಾಗದಗಳ ವಿಷಯ ತಿಳಿಸಿದಾಗ ಅವರು ಮೊದಲು ಹೇಳಿದ್ದು ಇದು: "ಆದದ್ದು ಆಯಿತು. ಕೊಟ್ಟ ಮಾತಲ್ಲವಾ?" ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರ ಮಾತು ಅದು. ಹುಲಿಗೆ ಕೊಟ್ಟ ಮಾತನ್ನೇ ಹಸು ಉಳಿಸಿಕೊಂಡಿತು. ಮನುಷ್ಯನಿಗೆ ಕೊಟ್ಟದ್ದನ್ನು ತಪ್ಪುವುದೇ? ಇದಕ್ಕೆ ನಾನು ಕೊಟ್ಟ ಉತ್ತರವನ್ನು ಓದುಗರ ಮುಂದಿಡುತ್ತೇನೆ. ಆ ಕಥೆಯ ಹುಲಿ ತಾನು ಹುಲಿಯೆಂಬುದನ್ನು ಬಚ್ಚಿಡಲಿಲ್ಲ. ತಾನು ತಿನ್ನುವವನೆಂದು ಹೇಳಿಯೇ ಮಾತು ತೆಗೆದುಕೊಂಡಿತು. ಹಸುವೂ ತಾನು ಏನು ಕೊಡುತ್ತಿದ್ದೇನೆಂದು ಪೂರ್ತಿ ತಿಳಿದೇ ಕೊಟ್ಟಿತು. ಅದಕ್ಕಾಗಿಯೇ ಆ ಮಾತಿಗೆ ಅಷ್ಟು ಬೆಲೆ. ಸಾಲವನ್ನು ಮರೆಮಾಡಿ ಪಡೆದ ಮಾತಿಗೆ ಆ ಬೆಲೆ ಸಲ್ಲುವುದಿಲ್ಲ. ಅಂತಹ ಮಾತನ್ನು ಹಿಂದೆ ತೆಗೆದುಕೊಂಡರೆ ಸತ್ಯಕ್ಕೆ ತಪ್ಪಿದಂತಾಗದು. ಅಲ್ಲಿ ಸತ್ಯಕ್ಕೆ ತಪ್ಪಿದವನು ಮಾತು ಪಡೆದವನು.

ಕಾನೂನು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. 1872ರ ಭಾರತೀಯ ಕರಾರು ಕಾಯಿದೆಯ 13ನೆಯ ಕಲಮಿನ ಪ್ರಕಾರ, ಇಬ್ಬರು ಒಂದೇ ವಿಷಯಕ್ಕೆ ಒಂದೇ ಅರ್ಥದಲ್ಲಿ ಒಪ್ಪಿದಾಗ ಮಾತ್ರ ಅದು ಸಮ್ಮತಿ. ಅತ್ತೆ ಒಪ್ಪಿದ್ದು ಸರಕಾರದ ಉಡುಗೊರೆಗೆ. ಕಂಪೆನಿ ಬರೆದುಕೊಂಡದ್ದು ಸಾಲಕ್ಕೆ. ಅದೇ ಕಾಯಿದೆಯ 19ನೆಯ ಕಲಮಿನಂತೆ, ವಂಚನೆಯಿಂದಲೋ ತಪ್ಪು ತಿಳಿವಳಿಕೆ ಕೊಟ್ಟೋ ಸಮ್ಮತಿ ಪಡೆದಿದ್ದರೆ ಕರಾರನ್ನು ರದ್ದುಮಾಡಬಹುದು. ಯಾರು? ಯಾರಿಂದ ಹಾಗೆ ಸಮ್ಮತಿ ಪಡೆಯಲಾಯಿತೋ ಅವರು, ಅವರ ಇಷ್ಟದಂತೆ. ಅವರ ಮಗನಲ್ಲ, ಸೋದರಳಿಯನೂ ಅಲ್ಲ. ಈ ಸಣ್ಣ ಮಾತಿನಲ್ಲಿ ದೊಡ್ಡ ನೀತಿ ಅಡಗಿದೆ ಎಂದು ನನ್ನ ಅಭಿಪ್ರಾಯ.

ಏಕೆಂದರೆ ಎರಡನೆಯ ಪ್ರಶ್ನೆ ಇಲ್ಲಿಯೇ ಏಳುತ್ತದೆ. ಅತ್ತೆಯ ಮಗ ಬೆಂಗಳೂರಿನಲ್ಲಿದ್ದಾನೆ. ವಿಷಯ ತಿಳಿದ ಕೂಡಲೇ ಫೋನಿನಲ್ಲಿ, "ಅಮ್ಮನನ್ನು ಕೇಳುತ್ತಾ ಕೂರಬೇಡ ಭಾವ. ನೀನೇ ಕಂಪೆನಿಗೆ ಹೇಳಿ ಕ್ಯಾನ್ಸಲ್ ಮಾಡಿಸು. ಪಾಸ್‌ಬುಕ್ಕು, ಚೆಕ್ಕು ಪುಸ್ತಕ ಇನ್ನು ನಿನ್ನ ಕೈಯಲ್ಲೇ ಇರಲಿ" ಎಂದ. ಅವನದು ಕೆಟ್ಟ ಮಾತಲ್ಲ. ದೂರದಲ್ಲಿರುವ ಮಗನ ಹೆದರಿಕೆ ಅದು. ಮುದಿವಯಸ್ಸಿನಲ್ಲಿ ಹೋದ ಹಣವನ್ನು ಮತ್ತೆ ಸಂಪಾದಿಸಲಿಕ್ಕಿಲ್ಲ ಎಂಬ ವಾದವೂ ಬಲವಾದದ್ದೇ. ಆದರೆ ಅವನು ಹೇಳಿದಂತೆ ನಡೆದರೆ ಆಗುವುದೇನು? ಮಾರಾಟದ ಹುಡುಗ ಅತ್ತೆಗೆ ತಿಳಿಸದೆ ಅವರ ಹೆಸರಿನಲ್ಲಿ ಒಂದು ನಿರ್ಧಾರ ಮಾಡಿದ. ನಾವು ಅವರಿಗೆ ತಿಳಿಸದೆ ಅವರ ಹೆಸರಿನಲ್ಲಿ ಇನ್ನೊಂದು ನಿರ್ಧಾರ ಮಾಡುತ್ತೇವೆ. ಅವನ ಉದ್ದೇಶ ಕಮಿಷನ್, ನಮ್ಮದು ಪ್ರೀತಿ, ವ್ಯತ್ಯಾಸ ಸಣ್ಣದಲ್ಲ. ಆದರೆ ಅತ್ತೆಯ ಕಡೆಯಿಂದ ನೋಡಿದರೆ ಎರಡು ಸಲವೂ ಅವರನ್ನು ಕೇಳಿದವರಿಲ್ಲ. ಕಳೆದುಕೊಂಡದ್ದು ಹಣ ಮಾತ್ರವಾಗಿದ್ದರೆ ಹಣ ತಂದುಕೊಟ್ಟರೆ ಸಾಕು. ಅವರು ಕಳೆದುಕೊಂಡದ್ದು ತಿಳಿದು ಆರಿಸುವ ಅವಕಾಶವನ್ನು. ಅದನ್ನೇ ತಿರುಗಿ ಕೊಡಬೇಕಾದದ್ದು.

ಆದ್ದರಿಂದ ಒಂದು ಭಾನುವಾರ ಕಾಗದಗಳನ್ನೆಲ್ಲ ಹರಡಿಕೊಂಡು ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆ. ಲೆಕ್ಕವನ್ನು ಎರಡೂ ಕಡೆಯಿಂದ ಇಟ್ಟೆ. ಮೂರು ಕಿಲೋವಾಟಿನಿಂದ ಒಳ್ಳೆಯ ಬಿಸಿಲಿಗೆ ದಿನಕ್ಕೆ ಸುಮಾರು ಹನ್ನೆರಡು ಯೂನಿಟ್ಟು ಬರಬಹುದು; ಅವರು ಉರಿಸುವುದು ಎರಡು ತಿಂಗಳಿಗೆ ನೂರರ ಆಸುಪಾಸು. ಹೆಚ್ಚಾದದ್ದು ಬೋರ್ಡಿನ ಲೈನಿಗೆ ಹೋಗುತ್ತದೆ, ಅದಕ್ಕೆ ಆಯೋಗ ಗೊತ್ತುಮಾಡಿದ ದರ ಸಿಗುತ್ತದೆ. ಆಟಿಯ ಮಳೆಗೆ ಉತ್ಪತ್ತಿ ಕಡಿಮೆ. ಮನೆಯ ಪಡುಗಡೆ ತೆಂಗಿನ ನೆರಳು ಬೇರೆ. ದೊಡ್ಡ ಸಂಸಾರ, ಎಸಿ, ಪಂಪು ಇರುವ ಮನೆಗೆ ಇದು ಒಳ್ಳೆಯ ಯೋಜನೆಯೇ ಎಂಬುದನ್ನೂ ಮುಚ್ಚಿಡಲಿಲ್ಲ. ನನ್ನ ಅಭಿಪ್ರಾಯ ಕೇಳಿದರು, ಬೇಡ ಎಂದೆ. ಅಭಿಪ್ರಾಯ ಹೇಳುವುದು ತಪ್ಪಲ್ಲ, ಅದನ್ನು ತೀರ್ಮಾನವೆಂದು ಹೇರುವುದು ತಪ್ಪು.

ಎರಡು ದಿನ ಬಿಟ್ಟು ಅತ್ತೆ ಬೇಡವೆಂದು ನಿರ್ಧರಿಸಿದರು. ಕಾಗದವನ್ನು ತಾವೇ ಕನ್ನಡದಲ್ಲಿ ಬರೆದರು. ನಾನು ಮಲಯಾಳದ ಪ್ರತಿ ಮಾಡಿದೆ. ಎರಡನ್ನೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆವು. ಒಂದು ಪ್ರತಿ ಸಾಲದ ಅರ್ಜಿ ಹೋಗಿದ್ದ ಬ್ಯಾಂಕಿಗೆ. ಅವರು ಹುಡುಗನಿಗೂ ಫೋನು ಮಾಡಿ ತಮ್ಮ ಪೇಟೆ ಮಲಯಾಳದಲ್ಲಿ ವಿಷಯ ಹೇಳಿದರು. ಕಂಪೆನಿ ಒಂದೂವರೆ ಸಾವಿರ ಹಿಡಿದುಕೊಂಡು ಉಳಿದದ್ದನ್ನು ಮರಳಿಸಿತು. ಆ ಹಣಕ್ಕಾಗಿ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು ಎಂದೆ. "ಬೇಡ ಮಗಾ, ಅಷ್ಟಕ್ಕೆ ಯಾರು ಅಲೆಯುವುದು" ಎಂದರು. ನನಗೆ ದೂರು ಕೊಡುವುದೇ ಸರಿಯೆಂದು ತೋರಿತ್ತು. ಆದರೆ ಆ ಹಕ್ಕೂ ಅವರದೇ.

ಒಂದು ಆಕ್ಷೇಪವನ್ನು ಊಹಿಸಬಲ್ಲೆ. ಎಲ್ಲ ತಿಳಿದ ಮೇಲೂ ಅತ್ತೆ ಘಟಕ ಬೇಕೆಂದಿದ್ದರೆ? ಆಗ ನಾನು ವಾದಿಸುತ್ತಿದ್ದೆ, ಜಾಮೀನು ನಿಲ್ಲಲು ನಿರಾಕರಿಸುತ್ತಿದ್ದೆ, ಆದರೆ ತಡೆಯುತ್ತಿರಲಿಲ್ಲ. ತಿಳಿದು ನಷ್ಟಪಡುವ ಸ್ವಾತಂತ್ರ್ಯ ನಲವತ್ತರವನಾದ ನನಗಿದೆ; ಎಪ್ಪತ್ತನಾಲ್ಕಕ್ಕೆ ಅದು ಹೇಗೆ ಮುಗಿಯುತ್ತದೆ? ನೆನಪು ಅಳಿದು, ನಿನ್ನೆ ಹೇಳಿದ್ದು ಇಂದು ತಿಳಿಯದ ಹಿರಿಯರ ಮಾತು ಬೇರೆ. ಅಲ್ಲಿ ಕಾವಲು ಬೇಕೇಬೇಕು. ಆ ಗೆರೆ ಎಲ್ಲಿ ಎಂದು ನಿರ್ಣಯಿಸುವುದು ಸುಲಭವಲ್ಲ. ಆದರೆ ಮಲಯಾಳ ಓದಲು ಬಾರದಿರುವುದು ಆ ಗೆರೆಯಲ್ಲ. ವಯಸ್ಸು ಕೂಡ ಅಲ್ಲ.

ಕೊನೆಗೆ, ಅಲ್ಪಸಂಖ್ಯಾತರಾದ ನಮಗೆ ಇದರಲ್ಲಿ ಒಂದು ವಿಶೇಷ ಹೊಣೆಯಿದೆ. 1956ರ ನವೆಂಬರ್ 1ರಿಂದ ನಮ್ಮ ಹಿರಿಯರ ಸುತ್ತಲಿನ ಕಾಗದಪತ್ರಗಳ ಭಾಷೆ ಕ್ರಮೇಣ ಬದಲಾಯಿತು. ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಆಡಳಿತ ಭಾಷಾ ಕಾಯಿದೆ ನಮಗೆ ಕೊಟ್ಟಿದೆ. ಜಗಲಿಗೆ ಬರುವ ಮಾರಾಟಗಾರನ ಫಾರ್ಮಿಗೆ ಅದು ತಾಗುವುದಿಲ್ಲ. ಹಾಗಾಗಿ ನಮ್ಮ ಪ್ರತಿ ಕುಟುಂಬದಲ್ಲೂ ಕಾಗದ ಓದಿ ಹೇಳುವ ಒಬ್ಬರಿದ್ದಾರೆ: ಮಲಯಾಳ ಕಲಿತ ಮಗಳು, ಆಫೀಸಿನಲ್ಲಿರುವ ಅಳಿಯ, ಬ್ಯಾಂಕಿನ ಗುಮಾಸ್ತ. ಇದು ಸೇವೆ ಹೌದು. ಜೊತೆಗೆ ಅಧಿಕಾರವೂ ಹೌದು. "ಇಲ್ಲಿ ಒಂದು ಒಪ್ಪು ಹಾಕಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ" ಎಂಬ ಮಾತು ನಮ್ಮ ಮನೆಗಳಲ್ಲಿ ದಿನವೂ ಕೇಳಿಬರುತ್ತದೆ. ಮಾರಾಟದ ಹುಡುಗ ಹೇಳಿದ್ದೂ ಅದೇ ಮಾತು. ಹಿರಿಯರು ಬರಿಯ ಸಹಿ ಹಾಕುವುದಕ್ಕೆ ಮನೆಯಲ್ಲೇ ಒಗ್ಗಿಹೋದರೆ, ಬಾಗಿಲಿಗೆ ಬಂದವನಿಗೆ ಅವರು ಬೇರೆ ರೀತಿ ನಡೆದುಕೊಳ್ಳುವುದಾದರೂ ಹೇಗೆ? ಕಾಗದವನ್ನು ಪೂರ್ತಿ ಓದಿ ಹೇಳಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯನ್ನು ನಾವು ಕೊಡಬೇಕು. ಪೆನ್ನನ್ನು ಅವರ ಕೈಗೆ ಕೊಡುವುದು ಅದರ ಅನಂತರ.